ಯಜಮಾನರು ಹುಲ್ಲು ತಿನ್ನುತ್ತಿದ್ದಾರೆ

ಒಂದೇ ಒಂದು ಮಾತು ಮನುಷ್ಯನನ್ನು ಎಷ್ಟು ದೂರ ಅಟ್ಟಬಲ್ಲದು ಅಂದರೆ, ತರೀಕೆರೆಯ ಷಡಕ್ಷರಿಯವರು ಭೂಮಿಯನ್ನೇ ಬಿಟ್ಟು ಬೇರೆ ಗ್ರಹಕ್ಕೆ ಹೋಗಿಬಿಟ್ಟರು. ಆ ಮಾತು ಆಡಿದವನು ಅವರ ಹೆಂಡತಿ ಮಲ್ಲಿಕಾಂಬನವರ ತಮ್ಮ ಓಂಕಾರಮೂರ್ತಿ. ಆಡಿದ ಸ್ಥಳ ಅಜ್ಜಂಪುರದ ಒಂದು ಮದುವೆ ಮನೆ. ಕಾಲ, ಆರು ವರ್ಷದ ಹಿಂದೆ, ಎರಡನೇ ಪಂಕ್ತಿ, ಪಾಯಸ ಬರುವ ಹೊತ್ತು.

ಅವತ್ತು ಅನ್ನದ ಕೊಪ್ಪರಿಗೆಯನ್ನು ಹಿತ್ತಲಿನಿಂದ ಛತ್ರದೊಳಕ್ಕೆ ತರಬೇಕಾಗಿತ್ತು. ನಾಲ್ಕು ಜನ ಗಂಡಸರು ಹೊತ್ತರು. ಐದನೆಯವರಾದ ಷಡಕ್ಷರಿಯವರು ಕುರ್ಚಿಯಲ್ಲಿ ಕೂತು "ಎಡಕ್ಕೆ, ಇನ್ನೊಂಚೂರು ಎಡಕ್ಕೆ" ಎಂದು ಮಾರ್ಗದರ್ಶನ ದಯಪಾಲಿಸಿದರು. (ಕೊಪ್ಪರಿಗೆ ಬಾಗಿಲ ಚೌಕಟ್ಟಿಗೆ ಬಡಿದದ್ದು ಈ ಎಡದಿಂದಲೇ.) ಊಟಕ್ಕೆ ಕೂತಾಗ ಓಂಕಾರಮೂರ್ತಿ ನಗುನಗುತ್ತಾ, "ನಮ್ ಭಾವ ಇಪ್ಪತ್ತೆಂಟು ವರ್ಷ ಸರ್ವೆ ಆಫೀಸಲ್ಲಿ ಕೂತು ಕಾಗದದ ಮೇಲೆ ಹತ್ತು ಸಾವ್ರ ಬಾಂದುಕಲ್ಲು ನೆಟ್ರು. ಕೈಯಲ್ಲಿ ಒಂದು ಕಲ್ಲು ಎತ್ತಿದ್ದು ಮಾತ್ರ ನಾನ್ ಕಾಣೆ" ಅಂದ.

ಪಂಕ್ತಿ ಪೂರ್ತಿ ನಕ್ಕಿತು. ಬಡಿಸುವವನು ನಕ್ಕ ರಭಸಕ್ಕೆ ಒಂದು ಸೌಟು ಪಾಯಸ ಪಕ್ಕದವರ ಉಪ್ಪಿನಕಾಯಿಗೆ ಬಿತ್ತು. ಷಡಕ್ಷರಿಯವರು ಎಲೆ ಬಿಟ್ಟು ಎದ್ದರು. ಹೆಂಗಸರ ಪಂಕ್ತಿಯಲ್ಲಿದ್ದ ಮಲ್ಲಿಕಾಂಬನವರನ್ನೂ ಎಬ್ಬಿಸಿಕೊಂಡು ಬಸ್ಸು ಹತ್ತಿದರು. ತರೀಕೆರೆಯಿಂದ ತಮ್ಮನಿರುವ ಕಡೂರಿಗೆ ಒಂದು ಗಂಟೆಯ ದಾರಿಯೂ ಅಲ್ಲ. ಮಲ್ಲಿಕಾಂಬನವರಿಗೆ ಮಾತ್ರ ಅದು ಆರು ವರ್ಷವಾದರೂ ಸವೆಯಲಿಲ್ಲ.

ನಿವೃತ್ತಿಯಾದ ಮೇಲೆ ಷಡಕ್ಷರಿಯವರು ಮನೆಯಲ್ಲಿ ಸಾಸಿವೆ ಡಬ್ಬಿ ಎಲ್ಲಿರಬೇಕು ಎಂಬುದನ್ನೆಲ್ಲ ಸರ್ವೆ ಮಾಡತೊಡಗಿದಾಗ, ಮಗಳು ಸುಮನಾ ತನ್ನ ಹಳೇ ಲ್ಯಾಪ್‌ಟಾಪಿಗೆ ಒಂದು ಆಟ ಹಾಕಿ, ಟಿವಿಗೆ ವೈರು ಸಿಕ್ಕಿಸಿ, ಅಪ್ಪ ಇದನ್ನಾಡಿ, ಅಮ್ಮನನ್ನು ಉಸಿರಾಡಲು ಬಿಡಿ ಎಂದು ಹೇಳಿ ಗಂಡನ ಮನೆಗೆ ಹೋದಳು.

ಆಟ ಇಷ್ಟೇ. ಯಾವುದೋ ಗ್ರಹದಲ್ಲಿ ಆಕಾಶನೌಕೆ ಒಡೆದು ಬಿದ್ದಿದೆ. ಉಳಿದವರು ಇಬ್ಬರು ಮನುಷ್ಯರು, ಒಂದು ಕತ್ತೆ. ಇವರು ಕಲ್ಲು ಒಡೆದು, ಅದಿರು ತೆಗೆದು, ಕಬ್ಬಿಣ ಕಾಯಿಸಿ ಊರು ಕಟ್ಟಬೇಕು. ಹೆಸರು ನಾವೇ ಇಡಬಹುದು. ಇಬ್ಬರಿಗೆ ಷಡಕ್ಷರಿ, ಮಲ್ಲಿಕಾಂಬ ಎಂದು ಇಟ್ಟಾಯಿತು. ಮೂರನೆಯದರ ಮುಂದೆ ಷಡಕ್ಷರಿಯವರ ಬೆರಳು ಸ್ವಲ್ಪ ಹೊತ್ತು ನಿಂತಿತು. ಅಜ್ಜಂಪುರದ ಪಾಯಸ ನೆನಪಿಗೆ ಬಂತು. ಒಂದೊಂದೇ ಇಂಗ್ಲಿಷ್ ಅಕ್ಷರ ಒತ್ತಿ, ಕತ್ತೆಗೆ ಓಂಕಾರಮೂರ್ತಿ ಎಂದು ನಾಮಕರಣ ಮಾಡಿದರು.

ಆಮೇಲೆ ನಾಲ್ಕು ತಿಂಗಳು ಓಂಕಾರಮೂರ್ತಿ ಕಲ್ಲು ಹೊತ್ತ. ಬೆಳಿಗ್ಗೆ ಹೊತ್ತ, ಮಧ್ಯಾಹ್ನ ಹೊತ್ತ, ಮಳೆಯಲ್ಲಿ ಹೊತ್ತ. ಮೂವತ್ನಾಲ್ಕು ವರ್ಷದ ನೌಕರಿಯಲ್ಲಿ ಸಿಗದ ತೃಪ್ತಿ ಷಡಕ್ಷರಿಯವರಿಗೆ ಸಿಕ್ಕಿತು. ಆಟದ ಷಡಕ್ಷರಿಗೆ ಅವರು ಮೇಲ್ವಿಚಾರಣೆ ವಹಿಸಿದ್ದರು, ಅಂದರೆ ಮಲಗಿರುತ್ತಿದ್ದ. ಆಟದ ಮಲ್ಲಿಕಾಂಬ ಅಡುಗೆ, ಕಸ, ಸಾಗಣೆ, ಉಳಿದದ್ದನ್ನೆಲ್ಲ ನೋಡಿಕೊಳ್ಳುತ್ತಿದ್ದಳು. ಅವಳು ದಣಿದಿದ್ದಾಳೆ ಎಂದು ಮೂಲೆಯಲ್ಲಿ ಆಗಾಗ ಹಳದಿ ಚೀಟಿ ಬರುತ್ತಿತ್ತು. ದಿನಕ್ಕೆ ಹತ್ತು ಸಲ ಬಂದು ತಲೆಚಿಟ್ಟು ಹಿಡಿಸಿದ್ದರಿಂದ, ಚೀಟಿಯೇ ಕಾಣದಂತೆ ಮಾಡುವ ಗುಂಡಿ ಹುಡುಕಿ ಒತ್ತಿದರು.

ಅಷ್ಟರಲ್ಲಿ ಅವರಿಗೊಂದು ಮಹಾ ಐಡಿಯಾ ಹೊಳೆಯಿತು. ಹಿಂದೆ ಕೆಮ್ಮಣ್ಣುಗುಂಡಿಯ ಅದಿರು ತಂತಿಯ ಮೇಲೆ ತೊಟ್ಟಿಲಿನಂತೆ ತೂಗಿಕೊಂಡು ಬೆಟ್ಟ ಇಳಿಯುತ್ತಿದ್ದುದನ್ನು ಚಿಕ್ಕಂದಿನಲ್ಲಿ ಬಾಯಿ ಬಿಟ್ಟು ನೋಡಿದವರು ಅವರು. ಹಾಗೇ ಇಲ್ಲೂ ಯಾರೂ ಮುಟ್ಟದೆ ಕಲ್ಲು ತಾನೇ ನಡೆದು ಹೋದರೆ? ಕೊರೆಯುವ ಯಂತ್ರ, ಸಾಗಿಸುವ ಬೆಲ್ಟು, ಕಾಯಿಸುವ ಕುಲುಮೆ ಒಂದೊಂದಾಗಿ ಎದ್ದವು. ಬಿದ್ದ ಕಬ್ಬಿಣದ ರಾಶಿ ಎಷ್ಟೆಂದರೆ, ತರೀಕೆರೆಯಿಂದ ಚಂದ್ರನವರೆಗೆ ಜೋಡಿ ರೈಲು ಹಳಿ ಹಾಕಿ, ಮಿಕ್ಕಿದ್ದರಲ್ಲಿ ಕಡೂರಿನ ಮನೆಮನೆಗೂ ಒಂದೊಂದು ದೋಸೆ ಹೆಂಚು ಹಂಚಬಹುದಿತ್ತು.

ಇದೇ ನಾಲ್ಕು ತಿಂಗಳಲ್ಲಿ ಮನೆಯ ನೀರಿನ ಮೋಟರು ಕೆಟ್ಟು ಕೂತಿತ್ತು. ಮಲ್ಲಿಕಾಂಬನವರು ಸಂಪಿನಿಂದ ಸೇದಿ, ಕೊಡ ಹೊತ್ತು ಬಚ್ಚಲಿಗೂ ಅಡುಗೆ ಮನೆಗೂ ತುಂಬಿಸುತ್ತಿದ್ದರು. ಮೆಕ್ಯಾನಿಕ್ಕಿಗೆ ನಾಳೆ ಹೇಳುತ್ತೇನೆ ಎಂದು ಷಡಕ್ಷರಿಯವರು ನೂರಿಪ್ಪತ್ತು ಸಲ ಅಂದಿದ್ದರು.

"ಅಲ್ಯಾವ್ದೋ ಲೋಕದಲ್ಲಿ ಕಲ್ಲು ತಾನಾಗೇ ನಡೀತದೆ ಅಂತೀರಿ," ಎಂದು ಒಂದು ದಿನ ಮಲ್ಲಿಕಾಂಬನವರು ಸೊಂಟದ ಮೇಲಿನ ಕೊಡ ಇಳಿಸದೆಯೇ ಕೇಳಿದರು. "ಇಲ್ಲಿ ನೀರು ತಾನಾಗೇ ಟ್ಯಾಂಕಿಗ್ ಹತ್ತಂಗೆ ಮಾಡಕಾಗಲ್ವೇನ್ರೀ?"

ಅದು ಬೇರೆ ಇಲಾಖೆ ಎಂದು ಷಡಕ್ಷರಿಯವರು ವಿವರಿಸಿದರು.

ಹೀಗಿರುವಾಗ ಕಡೂರಿನಿಂದ ಫೋನು ಬಂತು. ಅಲ್ಲಿ ಜಲ್ಲಿ ಕ್ರಷರ್ ನಡೆಸುವ ಓಂಕಾರಮೂರ್ತಿ ಹೊಸ ಮನೆ ಕಟ್ಟಿಸಿದ್ದ. ಗೃಹಪ್ರವೇಶಕ್ಕೆ ಕರೆಯಲು ಭಾನುವಾರ ಹೆಂಡತಿಯ ಜೊತೆ ಬರುತ್ತೇನೆ, ಅಕ್ಕನ ಕೈಯ ಊಟ ಮಾಡಿಕೊಂಡೇ ಹೋಗುತ್ತೇನೆ ಅಂದ. ಮಲ್ಲಿಕಾಂಬನವರು ಫೋನಿಟ್ಟು, ಕಡಲೆಬೇಳೆ ಡಬ್ಬಿ ತಬ್ಬಿಕೊಂಡು ಅತ್ತರು. ಆಮೇಲೆ ಗಂಡನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು. "ನಂಗೆ ಇರೋದು ಒಂದೇ ಆಸೆ. ಅವ್ನು ನಮ್ಮನೇಲಿ ಎಲೆ ಮುಂದೆ ಕೂತು, ಪೂರ್ತಿ ಉಂಡು ಏಳ್ಬೇಕು. ಅರ್ಧಕ್ಕೆ ಎದ್ದು ಹೋದ್ನೋ, ತೌರಿನ ಬಾಗ್ಲು ನಂಗೆ ಇನ್ ತೆಗಿಯಲ್ಲ. ನೀವು ಏನೂ ಮಾಡ್ಬೇಡಿ. ಸುಮ್ನಿರಿ ಸಾಕು."

ಏನೂ ಮಾಡದಿರುವುದು ಷಡಕ್ಷರಿಯವರಿಗೆ ಕರಗತ ವಿದ್ಯೆ. ಆದರೂ ಒಂದು ಕೆಲಸ ಮಾಡಲೇಬೇಕಿತ್ತು, ಕತ್ತೆಯ ಹೆಸರು ಬದಲಿಸಬೇಕಿತ್ತು. ಭಾನುವಾರ ಬೆಳಿಗ್ಗೆ ಅದಕ್ಕೆಂದೇ ಕೂತರು. ಕೂತವರ ಕಣ್ಣಿಗೆ ಕೊನೆಯ ಬೆಲ್ಟಿನ ಎರಡಂಗುಲ ಜಾಗ ಬಾಕಿ ಇರುವುದು ಬಿತ್ತು. ಅದನ್ನು ಜೋಡಿಸಿದರು. ಇಡೀ ಗಣಿ ಒಂದೇ ಉಸಿರಿಗೆ ತಾನೇ ತಾನಾಗಿ ನಡೆಯತೊಡಗಿತು. ಕತ್ತೆಗೆ ಕೆಲಸ ತಪ್ಪಿತು. ಕೆಲಸವಿಲ್ಲದ ಪ್ರಾಣಿಗಳನ್ನು ಎಷ್ಟು ಇಟ್ಟುಕೊಳ್ಳಬೇಕು ಎಂದು ಆಟ ಒಂದು ನಮೂನೆ ಮುಂದಿಟ್ಟಿತು. ಷಡಕ್ಷರಿಯವರು ಕಚೇರಿಯ ಅಭ್ಯಾಸದಂತೆ ಕೆಳಗಿನ ಷರತ್ತುಗಳನ್ನು ಓದದೆ ಸೊನ್ನೆ ತುಂಬಿದರು. ಇನ್ನೇನು ಹೆಸರು ಬದಲಿಸಬೇಕು, ಗೇಟಿನ ಮುಂದೆ ಕಾರು ನಿಂತಿತು. ರಿಮೋಟಿನಿಂದ ಟಿವಿ ಆರಿಸಿ, ಲ್ಯಾಪ್‌ಟಾಪಿನ ಮೇಲೆ ಟವೆಲು ಎಸೆದು, ಬಾಗಿಲಿಗೆ ಓಡಿದರು.

ಓಂಕಾರಮೂರ್ತಿ ಕಾಲು ತೊಳೆಯುವಾಗ ಬಚ್ಚಲಲ್ಲಿ ಸಾಲಾಗಿಟ್ಟ ಕೊಡಗಳನ್ನು ನೋಡಿದ. ಗಂಡಸರಿಗೆ ಹಾಲಿನಲ್ಲಿ ಟಿವಿಯ ಎದುರಿನ ಟೇಬಲ್ಲಿಗೆ ಎಲೆ ಹಾಕಿದರು. ಓಂಕಾರಮೂರ್ತಿಯ ಹೆಂಡತಿ ಹೇಮಶ್ರೀ ಕಡೂರಿನಲ್ಲಿ ಟೀಚರು. ತಾನು ಅತ್ತಿಗೆಯ ಜೊತೆ ಆಮೇಲೆ ಕೂರುತ್ತೇನೆ ಎಂದು ತುಪ್ಪದ ಗಿಂಡಿ ಹಿಡಿದು ನಿಂತಳು. ಕೋಸಂಬರಿ ಆಯಿತು, ಪಲ್ಯ ಆಯಿತು, ಹೋಳಿಗೆ ಬಂತು. ಮಲ್ಲಿಕಾಂಬನವರು ಅಡುಗೆ ಮನೆಯ ಬಾಗಿಲಲ್ಲಿ ನಿಂತು ತಮ್ಮನ ಒಂದೊಂದು ತುತ್ತನ್ನೂ ಎಣಿಸುತ್ತಿದ್ದರು.

ಅಷ್ಟರಲ್ಲಿ ಕರೆಂಟು ಹೋಯಿತು. ಎರಡೇ ನಿಮಿಷಕ್ಕೆ ಬಂತು. ಕರೆಂಟು ಬಂದರೆ ತಾನೇ ಹತ್ತಿಕೊಳ್ಳುವ ಸ್ವಯಂಚಾಲಿತ ಸದ್ಗುಣ ಆ ಟಿವಿಗಿತ್ತು. ಟವೆಲಿನ ಕೆಳಗೆ ಬ್ಯಾಟರಿಯ ಮೇಲೆ ಓಡುತ್ತಿದ್ದ ಗ್ರಹ, ಗೋಡೆಯಗಲಕ್ಕೆ ಬೆಳಗಿತು.

"ಅದೇನದು, ನನ್ ಹೆಸ್ರು ಇದ್ದಂಗಿದೆ?" ಎಂದ ಓಂಕಾರಮೂರ್ತಿ. ಕನ್ನಡಕ ಕಾರಿನಲ್ಲೇ ಬಿಟ್ಟು ಬಂದಿದ್ದ. ಹೌದು, ಷಡಕ್ಷರಿ, ಮಲ್ಲಿಕಾಂಬ, ಓಂಕಾರಮೂರ್ತಿ ಅಂತ ಮೂರು ಹೆಸರಿವೆ ಎಂದಳು ಹೇಮಶ್ರೀ.

ಷಡಕ್ಷರಿಯವರ ಗಂಟಲಲ್ಲಿ ಹೋಳಿಗೆ ಅಡ್ಡಡ್ಡ ನಿಂತಿತು. ಅದರ ಪಕ್ಕದಿಂದಲೇ ಒಂದು ಸುಳ್ಳು ಸಲೀಸಾಗಿ ಹೊರಗೆ ಬಂತು. ಇದೊಂದು ಊರು ಕಟ್ಟುವ ಆಟ, ಓಂಕಾರಮೂರ್ತಿ ಅಂದರೆ ಆ ಊರಿನ ಯಜಮಾನರು, ಉಳಿದವರೆಲ್ಲ ಅವರ ಕೈಕೆಳಗೆ ಎಂದರು.

ಓಂಕಾರಮೂರ್ತಿ ತುತ್ತು ಕೆಳಗಿಟ್ಟ. ಅವನ ಕಣ್ಣಲ್ಲಿ ನೀರಾಡಿತು. "ಭಾವ, ಅವತ್ತು ಅಜ್ಜಂಪುರದಲ್ಲಿ ನಾನ್ ಹಂಗನ್ನಬಾರ್ದಿತ್ತು. ಆರು ವರ್ಷ ಆ ಮಾತು ನನ್ನ ಚುಚ್ಚಿದೆ. ನೀವ್ ನೋಡಿದ್ರೆ ನನ್ನ ಯಜಮಾನ ಮಾಡ್ಕಂಡು ಕೂತಿದೀರಿ."

ಆಗಲೇ ನೆಲ ಬಾಯ್ಬಿಟ್ಟಿದ್ದರೆ ಷಡಕ್ಷರಿಯವರು ಎಲೆಯ ಸಮೇತ ಇಳಿದುಬಿಡುತ್ತಿದ್ದರು. ಬಿಡಲಿಲ್ಲ. ಯಜಮಾನರನ್ನು ನೋಡೋಣ, ತೋರಿಸು ಎಂದು ಓಂಕಾರಮೂರ್ತಿ ಹೆಂಡತಿಗೆ ಹೇಳಿದ. ಹೇಮಶ್ರೀ ಟೀಪಾಯಿಯ ಮೇಲಿದ್ದ ಮೌಸು ಹಿಡಿದು ಆ ಹೆಸರನ್ನು ಒತ್ತಿದಳು. ಪರದೆ ಬೆಟ್ಟ, ಕುಲುಮೆ, ಕಬ್ಬಿಣದ ರಾಶಿಗಳನ್ನೆಲ್ಲ ದಾಟಿ ಹಾರಿ, ಒಂದು ಕೊಟ್ಟಿಗೆಯ ಮುಂದೆ ನಿಂತಿತು. ಎರಡು ಉದ್ದನೆಯ ಕಿವಿಗಳು ಅಲ್ಲಾಡುತ್ತಿದ್ದವು.

ಹೇಮಶ್ರೀ ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಪಾಠ ಓದಿ ಹೇಳಿದವಳು. ಕಂಡದ್ದನ್ನು ಕನ್ನಡ ಮಾಡಿ ಸ್ಪಷ್ಟವಾಗಿ ಓದಿದಳು.

"ಯಜಮಾನರು ಹುಲ್ಲು ತಿನ್ನುತ್ತಿದ್ದಾರೆ."

ಓಂಕಾರಮೂರ್ತಿ ಕಣ್ಣು ಕಿರಿದು ಮಾಡಿಕೊಂಡು ಆ ಕಿವಿಗಳನ್ನೇ ನೋಡಿದ.

"ಕೆಳಗೆ ಇನ್ನೂ ಇದೆ," ಎಂದು ಹೇಮಶ್ರೀ ಮುಂದುವರಿಸಿದಳು. ಪ್ರಾಣಿ: ಕತ್ತೆ. ಕೆಲಸ: ಕಲ್ಲು ಹೊರುವುದು. ಸದ್ಯಕ್ಕೆ: ಕೆಲಸವಿಲ್ಲ. ಷಡಕ್ಷರಿ: ಮಲಗಿದ್ದಾರೆ. ಅಷ್ಟರಲ್ಲಿ ಢಣ್ಣೆಂದು ಗಂಟೆ ಬಾರಿಸಿ ಕೆಂಪು ಅಕ್ಷರ ಮೂಡಿತು. ಅದನ್ನು ಓದಲು ಅವಳಿಗೂ ಒಂದು ಕ್ಷಣ ಹಿಡಿಯಿತು. ಹೆಚ್ಚುವರಿ ಪ್ರಾಣಿ ಓಂಕಾರಮೂರ್ತಿಯನ್ನು ಕಡಿದು ಮಾಂಸ ಮಾಡಲು ಆಜ್ಞೆಯಾಗಿದೆ. ಮಾಡಬೇಕಾದವರು: ಮಲ್ಲಿಕಾಂಬ.

ಬಾಗಿಲಲ್ಲಿದ್ದ ಮಲ್ಲಿಕಾಂಬನವರ ಕೈಯಿಂದ ಹೋಳಿಗೆ ತಟ್ಟೆ ಜಾರಿ ಹೋಗುವುದರಲ್ಲಿತ್ತು. ಕೊರಳಲ್ಲಿ ಲಿಂಗ ಧರಿಸಿದ ಮನೆ ಅದು. ಹೂಕೋಸಿನಲ್ಲಿ ಹುಳ ಕಂಡರೆ ಅದನ್ನು ಕಾಗದದ ಮೇಲೆ ಹತ್ತಿಸಿಕೊಂಡು ಹೋಗಿ ಹಿತ್ತಲಿಗೆ ಬಿಟ್ಟು ಬರುವವರು ಷಡಕ್ಷರಿಯವರು. ಸೊನ್ನೆ ತುಂಬಿದ ನಮೂನೆಯ ಕೆಳಗಿನ ಷರತ್ತು ಏನಿತ್ತೆಂದು ಅವರಿಗೆ ಆಗ ತಿಳಿಯಿತು.

ಓಂಕಾರಮೂರ್ತಿಯ ಕೈ ಎಲೆಯ ಮೇಲೆ ನಿಂತೇ ಇತ್ತು. ಅವನು ಬಹಳ ತಣ್ಣಗೆ ಕೇಳಿದ. "ನಮ್ ಕ್ರಷರಲ್ಲಿ ಪ್ರತಿ ಬೆಲ್ಟಿನ ಪಕ್ಕ ಒಂದು ಹಗ್ಗ ಇರ್ತದೆ ಭಾವ. ಯಾರ್ದಾದ್ರೂ ಕೈ ಸಿಕ್ಕಂಡ್ರೆ ಅದನ್ನೆಳದ್ರೆ ಎಲ್ಲಾ ನಿಂತೋಗ್ತದೆ. ನಿಮ್ದರಲ್ಲಿ ಆ ಹಗ್ಗ ಎಲ್ಲೈತೆ?"

ಷಡಕ್ಷರಿಯವರು ಹಗ್ಗ ಇಟ್ಟಿರಲಿಲ್ಲ. ತುಪ್ಪದ ಕೈಯಲ್ಲೇ ಮೌಸಿಗೆ ಹಾರಿದರು. ಅದು ಮೀನಿನಂತೆ ಜಾರಿತು. ಕತ್ತೆಯ ಬದಲು ಮಲ್ಲಿಕಾಂಬನ ಹಾಳೆ ತೆರೆದುಕೊಂಡಿತು. ನಾಲ್ಕು ದಿನದಿಂದ ನಿದ್ದೆಯಿಲ್ಲ, ಒಬ್ಬಳೇ ಹೊರೆ ಹೊರುತ್ತಿದ್ದಾಳೆ, ಮಾತಾಡಿಸುವವರು ಯಾರೂ ಇಲ್ಲ ಎಂದು ಹೇಮಶ್ರೀ ಓದಿದಳು. ಮನಸ್ಸಿನ ಸ್ಥಿತಿ, ನೂರಕ್ಕೆ ಎರಡು. ಎಚ್ಚರಿಕೆಗಳು, ಆಟ ಆಡುವವರ ಆದೇಶದ ಮೇರೆಗೆ ಮುಚ್ಚಲಾಗಿದೆ.

ಪರದೆಯ ಮೇಲೆ ಪುಟ್ಟ ಮಲ್ಲಿಕಾಂಬ ಕತ್ತಿ ಹಿಡಿದು ಕೊಟ್ಟಿಗೆಗೆ ನಡೆದಳು. ಕತ್ತೆಯ ಮುಂದೆ ನಿಂತಳು. ನಿಂತು, ಕತ್ತಿಯನ್ನು ನೆಲಕ್ಕೆ ಹಾಕಿದಳು. ಮತ್ತೆ ಗಂಟೆ ಬಾರಿಸಿತು. ಮಲ್ಲಿಕಾಂಬನಿಗೆ ಸಾಕಾಗಿದೆ, ಊರು ಬಿಟ್ಟು ಹೋಗುತ್ತಿದ್ದಾಳೆ, ಅವಳ ಮೇಲಿನ ಪ್ರೀತಿಯಿಂದ ಓಂಕಾರಮೂರ್ತಿ ಹಿಂಬಾಲಿಸುತ್ತಿದ್ದಾನೆ ಎಂದು ಹೇಮಶ್ರೀ ಓದಿ ಮುಗಿಸುವಷ್ಟರಲ್ಲಿ, ಹೆಂಗಸೂ ಕತ್ತೆಯೂ ಪರದೆಯ ಅಂಚು ದಾಟಿ ಹೋಗಿಯಾಗಿತ್ತು. ಯಂತ್ರಗಳು ಮಾತ್ರ ಓಡುತ್ತಲೇ ಇದ್ದವು. ಷಡಕ್ಷರಿ ಮಲಗಿಯೇ ಇದ್ದ.

ಓಂಕಾರಮೂರ್ತಿ ಅಕ್ಕನ ಕಡೆ ತಿರುಗಿದ. "ಇಲ್ಲೂ ಹಿಂಗೇನಾ ಅಕ್ಕ?"

ಮಲ್ಲಿಕಾಂಬನವರು ತಟ್ಟೆ ಹಿಡಿದು ಎಲೆಯ ಹತ್ತಿರ ಬಂದರು. "ಇನ್ನೊಂದು ಹೋಳಿಗೆ ಹಾಕ್ಲೇನೋ?" ಎಂದರು. ಆ ದನಿ ಕೇಳಿ ಷಡಕ್ಷರಿಯವರು ತಲೆ ಬಗ್ಗಿಸಿದರು. ಆರು ವರ್ಷದ ಹಿಂದೆ ಪಾಯಸದ ಮುಂದಿನಿಂದ ಎಬ್ಬಿಸಿದಾಗ ಈ ಹೆಂಗಸು ಒಂದು ಮಾತೂ ಆಡಿರಲಿಲ್ಲ ಎಂಬುದು ಅವರಿಗೆ ಈಗ ನೆನಪಾಯಿತು.

"ಹಾಕು," ಎಂದ ಓಂಕಾರಮೂರ್ತಿ. ಹಾಕಿದ್ದನ್ನು ತಿಂದ. ಮತ್ತೊಂದು ಕೇಳಿ ತಿಂದ. ಮಜ್ಜಿಗೆ ಅನ್ನ ಉಂಡು, ಎಲೆ ಬಿಳುಚಿಕೊಳ್ಳುವಷ್ಟು ಒರೆಸಿ, ಆಮೇಲೇ ಎದ್ದ. ಹೋಗುವಾಗ ಮಲ್ಲಿಕಾಂಬನವರೂ ಚೀಲ ಹಿಡಿದು ಕಾರು ಹತ್ತಿದರು. ಗೃಹಪ್ರವೇಶಕ್ಕೆ ಇನ್ನೂ ಎಂಟು ದಿನ ಇದೆಯಲ್ಲ ಎಂದು ಷಡಕ್ಷರಿಯವರು ಮೆಲ್ಲಗೆ ಅಂದರು. ಅಲ್ಲಿ ಕೆಲಸ ಇರುತ್ತದೆ, ನೀವು ಮಲಗಿರಿ ಎಂದರು ಮಲ್ಲಿಕಾಂಬನವರು.

ಷಡಕ್ಷರಿಯವರು ಮೆಕ್ಯಾನಿಕ್ಕಿಗೆ ಅವತ್ತೇ ಹೇಳಿದರು. ಮೋಟರು ಸರಿಯಾಗಲು ಹಿಡಿದದ್ದು ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷ ನೆನೆದು ಷಡಕ್ಷರಿಯವರಿಗೆ ಎಂಟು ದಿನ ಉಪ್ಪಿಟ್ಟು ಇಳಿಯಲಿಲ್ಲ. (ಉಪ್ಪಿಟ್ಟನ್ನು ಅವರೇ ಮಾಡಿದ್ದರು, ಅದೂ ಒಂದು ಕಾರಣ.) ಆಟವನ್ನು ಒಮ್ಮೆ ತೆರೆದು ನೋಡಿದರು. ಹಿಮಾಲಯದಷ್ಟು ಕಬ್ಬಿಣದ ನಡುವೆ, ಅಡುಗೆ ಮಾಡುವವರಿಲ್ಲದೆ ಷಡಕ್ಷರಿ ಹಸಿದು ಕೂತಿದ್ದ. ಮುಚ್ಚಿಬಿಟ್ಟರು.

ಗೃಹಪ್ರವೇಶದ ದಿನ ಕಡೂರಿನಲ್ಲಿ ಎಲ್ಲ ಸಾಮಾನೂ ಹೊಸ ಮನೆ ಸೇರಿತ್ತು. ಎದುರಿನ ಹಳೇ ಮನೆಯಲ್ಲಿ ಉಳಿದದ್ದು ಅಜ್ಜಿಯ ಕಾಲದ ಬೀಸೋ ಕಲ್ಲು ಒಂದೇ. ಕ್ರಷರಿನ ಆಳುಗಳು ಮುಂದೆ ಬಂದರು. ಷಡಕ್ಷರಿಯವರು ಅವರನ್ನು ತಡೆದು, ರೇಷ್ಮೆ ಪಂಚೆ ಎತ್ತಿ ಕಟ್ಟಿ, ಕಲ್ಲನ್ನು ಎದೆಗವಚಿಕೊಂಡು ಎದ್ದರು. ಭೂಮಂಡಲವೇ ಜೊತೆಯಲ್ಲಿ ಎದ್ದಂತಾಯಿತು. ರಸ್ತೆ ದಾಟಲು ಇದ್ದದ್ದು ನಲವತ್ತು ಹೆಜ್ಜೆ. ಇಪ್ಪತ್ತನೆಯದರಲ್ಲಿ ಅವರಿಗೆ ತೀರಿಹೋದ ಹಿರಿಯರೆಲ್ಲ ಸಾಲಾಗಿ ಕಾಣಿಸಿಕೊಂಡರು.

ಹೊಸ ಮನೆಯ ಜಗುಲಿಯಲ್ಲಿ ಓಂಕಾರಮೂರ್ತಿ ಕುರ್ಚಿ ಹಾಕಿಕೊಂಡು ಕೂತಿದ್ದ. "ಎಡಕ್ಕೆ ಭಾವ," ಎಂದ. "ಇನ್ನೊಂಚೂರು ಎಡಕ್ಕೆ."

"ಷಡಕ್ಷರಿಯವರು ಕಲ್ಲು ಹೊರುತ್ತಿದ್ದಾರೆ," ಎಂದು ಹೇಮಶ್ರೀ ಒಳಗಿನವರಿಗೆಲ್ಲ ಕೇಳುವಂತೆ ಓದಿ ಹೇಳಿದಳು. ಮಲ್ಲಿಕಾಂಬನವರು ಬಾಗಿಲಿಗೆ ಬಂದು ನೋಡಿದರು. ನಗಲಿಲ್ಲ, ಆದರೆ ಸೆರಗು ಬಾಯಿಗೆ ಹೋಯಿತು.

ಊಟಕ್ಕೆ ಷಡಕ್ಷರಿಯವರನ್ನು ಮೊದಲ ಪಂಕ್ತಿಯಲ್ಲೇ, ನೆಲದ ಮೇಲೆ, ಓಂಕಾರಮೂರ್ತಿಯ ಪಕ್ಕದಲ್ಲೇ ಕೂರಿಸಿದರು. ಕೂತದ್ದಾಯಿತು, ಏಳಲಾಗಲಿಲ್ಲ. ಸೊಂಟ ಹಿಡಿದುಕೊಂಡಿತ್ತು. ಮೊದಲ ಪಂಕ್ತಿ ಎದ್ದಿತು, ಎರಡನೆಯದು ಕೂತು ಎದ್ದಿತು, ಮೂರನೆಯದೂ ಕೂತಿತು. ಷಡಕ್ಷರಿಯವರು ಎಲೆಯ ಮುಂದೆ ಬಾಂದುಕಲ್ಲಿನಂತೆ ನೆಟ್ಟು ಕೂತೇ ಇದ್ದರು. ಇವರದು ಇನ್ನೂ ಆಗಲಿಲ್ಲವೇ ಎಂದು ಯಾರೋ ಕೇಳಿದರು.

ಓಂಕಾರಮೂರ್ತಿ ಬಕೆಟ್ಟು ತಂದು, ಭಾವನ ಎಲೆಯ ತುಂಬ ಗುಡ್ಡೆಯಾಗಿ ಸೊಪ್ಪಿನ ಪಲ್ಯ ಬಡಿಸಿದ. ಮಲ್ಲಿಕಾಂಬನವರು ಕೇಳಿದವರ ಕಡೆ ತಿರುಗಿ, ಆರು ವರ್ಷದಲ್ಲಿ ಮೊದಲ ಸಲ ಬಾಯ್ತುಂಬ ನಗುತ್ತಾ ಹೇಳಿದರು.

"ನಮ್ ಯಜಮಾನ್ರು ತಿಂತಾ ಇದಾರೆ. ತಿನ್ಲಿ ಬಿಡಿ."