ಮಾಂಗ್ ಪೊನ್ಸಿಂಗನ ಹೊಟ್ಟೆ ತುಂಬಿದ್ದು

ಸಾಂತಾ ಕ್ರೂಸಿನಿಂದ ಪಗ್ಸಂಹಾನಿಗೆ ಜೀಪ್ನಿ ಎಂಬ ಬಾಡಿಗೆ ಗಾಡಿ ಓಡಿಸುವ, ಊರವರು ಗೌರವದಿಂದ 'ಮಾಂಗ್' ಎಂದು ಕರೆಯುವ ಪೊನ್ಸಿಂಗನಿಗೆ ತನ್ನ ಹೊಟ್ಟೆಯ ಮೇಲೆ ಯಾವ ದೂರೂ ಇರಲಿಲ್ಲ. ಅವನ ದೂರೆಲ್ಲ ಸ್ಟಿಯರಿಂಗಿನ ಮೇಲೆ. ಮೊದಲು ಮರ್ಯಾದೆಯಿಂದ ಒಂದು ಗೇಣು ದೂರದಲ್ಲಿರುತ್ತಿದ್ದ ಆ ಚಕ್ರ ಈಗೀಗ ಸಲುಗೆ ಬೆಳೆಸಿಕೊಂಡು ಹೊಟ್ಟೆಗೇ ಬಂದು ಒರಗತೊಡಗಿತ್ತು. ಅವನು ಜೋರಾಗಿ ಉಸಿರೆಳೆದರೆ ಹಾರನ್ ತಾನಾಗಿಯೇ ಹೊಡೆದುಕೊಳ್ಳುತ್ತಿತ್ತು. ಒಂದು ದಿನ ಶವಯಾತ್ರೆಯೊಂದರ ಹಿಂದೆ ಮೆಲ್ಲಗೆ ಗಾಡಿ ಬಿಡುತ್ತಿದ್ದವನು ಸತ್ತವರಿಗಾಗಿ ಮರುಗಿ ದೊಡ್ಡದೊಂದು ಉಸಿರೆಳೆದ. ಹಾರನ್ ಮೊಳಗಿತು. ಅಳುತ್ತಿದ್ದವರೆಲ್ಲ ಅಳು ನಿಲ್ಲಿಸಿ ಹಿಂದಿರುಗಿ ನೋಡಿದರು.

ಆ ಹೊಟ್ಟೆಯನ್ನು ಕಡೆದು ನಿಲ್ಲಿಸಿದ ಶಿಲ್ಪಿ ಅವನ ಹೆಂಡತಿ ಇಸಾಂಗ್. ಬೆಳಿಗ್ಗೆ ಎದ್ದು ಎಮ್ಮೆ ಹಾಲು ಒಡೆಸಿ ಬಿಳಿ ಚೀಸು ಮಾಡಿ, ಬಾಳೆಲೆಯಲ್ಲಿ ಸುತ್ತಿ ಪೇಟೆಯಲ್ಲಿ ಮಾರುವುದು ಅವಳ ಕಸುಬು. ಗಂಡನಿಗೆ ಬಡಿಸುವುದು ಅವಳ ವ್ರತ. ಮೂವತ್ತೊಂದು ವರ್ಷದ ದಾಂಪತ್ಯದಲ್ಲಿ ಗಂಡನ ಮೇಲೆ ಪ್ರೀತಿ ಇದೆಯೆಂದು ಅವಳು ಬಾಯಿಬಿಟ್ಟು ಹೇಳಿದ್ದು ಒಂದು ಸಲವೂ ಇಲ್ಲ. 'ಇನ್ನೊಂಚೂರು ಅನ್ನ ಹಾಕ್ಲಾ' ಎಂದದ್ದು ದಿನಕ್ಕೆ ಮೂರು ಸಲ. (ಕ್ರಿಸ್‌ಮಸ್ಸಿನಲ್ಲಿ ಲೆಕ್ಕವಿಲ್ಲ.)

ಹೀಗಿರಲಾಗಿ, ಆರೋಗ್ಯ ಕೇಂದ್ರದಲ್ಲಿ ನರ್ಸಾಗಿದ್ದ ಮಗಳು ರೊವೆನಾ ಒಂದು ದಿನ ಅಪ್ಪನನ್ನು ಹಿಡಿದು ತೂಕದ ಯಂತ್ರದ ಮೇಲೆ ನಿಲ್ಲಿಸಿದಳು. ಮುಳ್ಳು ತೊಂಬತ್ತಾರರಲ್ಲಿ ನಿಂತಿತು. ರಕ್ತದೊತ್ತಡ ನೋಡಿದ ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು.

"ಮೂರು ತಿಂಗಳಲ್ಲಿ ಆರು ಕೆಜಿಯಾದ್ರೂ ಇಳಿಸಿ, ಮಾಂಗ್ ಪೊನ್ಸಿಂಗ್. ಇಲ್ದಿದ್ರೆ ಗಾಡಿ ಓಡಿಸಬಹುದು ಅಂತ ನಾನು ಬರ್ಕೊಡಲ್ಲ."

ಪೊನ್ಸಿಂಗನ ಅಣ್ಣ ಐವತ್ತೆಂಟಕ್ಕೆ, ಊಟದ ಮೇಜಿನಲ್ಲೇ, ಕೈಯಲ್ಲಿ ಚಮಚ ಹಿಡಿದುಕೊಂಡೇ ಹೋಗಿಬಿಟ್ಟಿದ್ದ. ಪೊನ್ಸಿಂಗನಿಗೆ ಈಗ ಐವತ್ತಾರು. ಅವನು ಡಾಕ್ಟರಮ್ಮನ ಮುಂದೆ ನಕ್ಕ; ಜೀಪ್ನಿಯಲ್ಲಿ ಒಬ್ಬನೇ ಕೂತಾಗ ನಗಲಿಲ್ಲ.

ಮನೆಯಲ್ಲಿ, ಡಾಕ್ಟರಮ್ಮ ಸ್ವಲ್ಪ ಸಣ್ಣಗಾಗಲು ಹೇಳಿದ್ದಾರೆ ಎಂದಷ್ಟೇ ಹೇಳಿದ; ಇಸಾಂಗ್ ಆ ಮಾತನ್ನು ತಳ್ಳಿಹಾಕಿದಳು. "ಆ ಡಾಕ್ಟರಮ್ಮನ್ನ ನೋಡಿದೀಯಾ, ಪೊರಕೆ ಕಡ್ಡಿ ಇದ್ದಹಾಗಿದಾಳೆ. ಊಟದ ವಿಷಯ ಅವಳಿಗೇನು ಗೊತ್ತು?" ಹಾಗೆಂದವಳು ಬಡಿಸುವಾಗ ಗಂಡನ ತಟ್ಟೆಯಿಂದ ಮಾಂಸದ ಒಂದು ತುಂಡನ್ನು ಪಾತ್ರೆಗೆ ವಾಪಸು ಹಾಕಿದಳು. ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಮತ್ತೆ ತೆಗೆದು ತಟ್ಟೆಗೇ ಹಾಕಿದಳು.

ಪೊನ್ಸಿಂಗ್ ಮೂರು ದಿನ ಅರೆಹೊಟ್ಟೆ ಇದ್ದು ನೋಡಿದ. ಮೂರನೆಯ ದಿನ ಪ್ರಯಾಣಿಕಳೊಬ್ಬಳ ಚೀಲದಲ್ಲಿದ್ದ ಬಿಸಿ ಬನ್ನಿನ ವಾಸನೆಗೆ ಮೈಮರೆತು ಗಾಡಿಯನ್ನು ಎರಡು ನಿಲ್ದಾಣ ದಾಟಿಸಿಬಿಟ್ಟ. ಆಗ ಇನ್ನೊಬ್ಬ ಚಾಲಕ ಕಿವಿಯಲ್ಲಿ ಉಪಾಯ ಹೇಳಿದ: ಒಂದು ಪುಡಿ ಬರುತ್ತದೆ, ಊಟಕ್ಕೆ ಮುಂಚೆ ನೀರಿಗೆ ಕಲಸಿ ಕುಡಿದರೆ ಹಸಿವು ತೆಪ್ಪಗಾಗುತ್ತದೆ. ಪೊನ್ಸಿಂಗ್ ಪೇಟೆಗೆ ಹೋಗಿ ಆ ಡಬ್ಬ ತಂದ. ಕೊಡದಷ್ಟು ದೊಡ್ಡ ಕಪ್ಪು ಡಬ್ಬ. ಮೇಲೆ ಅಂಗಿಯಿಲ್ಲದ ಪೈಲ್ವಾನನೊಬ್ಬನ ಚಿತ್ರ. ಹೆಂಡತಿ ನೋಡಿದರೆ ಆಯುಷ್ಯವೆಲ್ಲ ಆಡಿಕೊಳ್ಳುತ್ತಾಳೆಂದು ಜೀಪ್ನಿಯ ಸೀಟಿನ ಕೆಳಗೆ ಬಚ್ಚಿಟ್ಟ.

ಪುಡಿ ಸುಳ್ಳು ಹೇಳಲಿಲ್ಲ. ಮಧ್ಯಾಹ್ನ ಮನೆಗೆ ಬಂದು ಹಂದಿ ಮಾಂಸದ ಅಡೋಬೋದ ಮುಂದೆ ಕೂತ ಪೊನ್ಸಿಂಗ್ ಅರ್ಧ ತಟ್ಟೆಗೇ ಕೈ ತೊಳೆಯಲು ಎದ್ದ.

"ಇನ್ನೊಂಚೂರು ಅನ್ನ ಹಾಕ್ಲಾ?"

"ಬೇಡ. ಹೊಟ್ಟೆ ತುಂಬ್ತು."

ಇಸಾಂಗ್ ಅನ್ನದ ಕೈಯನ್ನು ಗಾಳಿಯಲ್ಲೇ ಹಿಡಿದು ನಿಂತಳು. ಈ ವಾಕ್ಯ ಆ ಮನೆಯಲ್ಲಿ ಹಿಂದೆಂದೂ ಕೇಳಿಬಂದಿರಲಿಲ್ಲ. ಹತ್ತಿರ ಬಂದು ಅವನ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ. ಮಾರನೆಯ ದಿನ ಅವನಿಗಿಷ್ಟವಾದ ಮೀನಿನ ಹುಣಸೆ ಸಾರು ಮಾಡಿದಳು. ಅರ್ಧ ತಟ್ಟೆ. ಅದರ ಮರುದಿನ ತೆಂಗಿನಹಾಲಿನಲ್ಲಿ ಸಿಗಡಿ. ಅರ್ಧ ತಟ್ಟೆ. ಐದನೆಯ ದಿನ ಅವಳು ಕೇಳುವುದನ್ನೇ ಬಿಟ್ಟಳು. ಬೇರೆ ಮಾತೂ ಇಲ್ಲ. ಊಟದ ಮಾತು ತೆಗೆದುಬಿಟ್ಟರೆ ತಮ್ಮಿಬ್ಬರ ನಡುವೆ ಉಳಿಯುವ ಮಾತು ಇಷ್ಟು ಕಡಿಮೆಯೇ ಎಂದು ಪೊನ್ಸಿಂಗನಿಗೆ ಗಾಬರಿಯಾಯಿತು. ಮನೆಯಲ್ಲಿ ಗಡಿಯಾರದ ಸದ್ದು ಕೇಳಿಸತೊಡಗಿತು. (ಅದು ಕೆಟ್ಟಿದೆಯೆಂದೇ ಅವನು ಅಷ್ಟು ವರ್ಷ ತಿಳಿದಿದ್ದ.)

ಮುಂದಿನ ಸೋಮವಾರ ಜೀಪ್ನಿಯ ಹಿಂದಿನ ತುದಿಯಲ್ಲಿ ಒಬ್ಬ ಹೆಂಗಸು ಹತ್ತಿ ಕೂತಳು. ತಲೆಗೆ ವಸ್ತ್ರ, ಮುಖಕ್ಕೆ ಮಾಸ್ಕು, ಕಪ್ಪು ಕನ್ನಡಕ. ಅವಳು ಕೊಟ್ಟ ಚಿಲ್ಲರೆ ಪ್ರಯಾಣಿಕರ ಕೈಯಿಂದ ಕೈಗೆ ದಾಟಿ ಪೊನ್ಸಿಂಗನಿಗೆ ಬಂತು. ಕನ್ನಡಿಯಲ್ಲಿ ನೋಡಿ, ಯಾರಿಗೋ ಪಾಪ ಕಣ್ಣುಬೇನೆ ಎಂದುಕೊಂಡ. ಪಗ್ಸಂಹಾನಿನಲ್ಲಿ ಎಲ್ಲರೂ ಇಳಿದರು. ಪೊನ್ಸಿಂಗ್ ಸೀಟಿನ ಕೆಳಗಿನಿಂದ ಡಬ್ಬ ತೆಗೆದು, ಬಾಟಲಿಯಲ್ಲಿ ಪುಡಿ ಕುಲುಕಿ, ಬಾಯಿಗಿಟ್ಟ.

"ಎಲ್ಲಿ ಅವಳು?"

ಪುಡಿ ನೀರು ಮೂಗಿಗೆ ಹತ್ತಿತು. ಕಿಟಕಿಯ ಹೊರಗೆ ಇಸಾಂಗ್ ಕನ್ನಡಕ ತೆಗೆದು ನಿಂತಿದ್ದಳು.

"ಯಾರು?"

"ನಿಂಗೆ ಊಟ ಹಾಕೋಳು. ಆ ಮೂಲೆ ಹೋಟ್ಲು ಚಾರಿಂಗ್ ತಾನೆ? ಗಂಡ ಸತ್ತ ಮೇಲೆ ಅವಳ ಸಾರಿಗೆ ರುಚಿ ಬಂದಿದೆ ಅಂತ ಊರೆಲ್ಲ ಹೇಳುತ್ತೆ. ಮೂವತ್ತೊಂದು ವರ್ಷ ನನ್ನ ಕೈಯೂಟ ತಿಂದು..."

ಪೊನ್ಸಿಂಗ್ ಡಬ್ಬವನ್ನೇ ಎತ್ತಿ ಪೈಲ್ವಾನನನ್ನು ತೋರಿಸಿದ. "ಅವಳಲ್ಲ. ಇವನು."

ಆಮೇಲೆ ಎಲ್ಲವನ್ನೂ ಹೇಳಿದ: ಆರು ಕೆಜಿ, ಡಾಕ್ಟರಮ್ಮನ ಪತ್ರ, ಅಣ್ಣನ ವಯಸ್ಸು. ಇಸಾಂಗ್ ಪಕ್ಕದ ಸೀಟಿಗೆ ಬಂದು ಕೂತಳು. "ಇದನ್ನ ಮೊದ್ಲೇ ಹೇಳಕ್ಕೆ ನಿಂಗೇನು ಬಂದಿತ್ತು? ನಾನು ಒಂದು ವಾರದಿಂದ ಉಪ್ಪು ಜಾಸ್ತಿಯಾಯ್ತಾ, ಕಡಿಮೆಯಾಯ್ತಾ ಅಂತ ಸಾಯ್ತಿದೀನಿ."

ಸಂಜೆ ರೊವೆನಾ ಡಬ್ಬವನ್ನು ತಿರುಗಿಸಿ ಓದಿ, ಅಪ್ಪನ ಕಡೆ ತಿರುಗಿದಳು. "ಇತಾಯ್, ಇದು ಏನು ಅಂತ ಗೊತ್ತಾ ನಿಂಗೆ? ಹಾಲೊಡಕು. ಹಾಲು ಒಡೆಸಿ ಚೀಸು ತೆಗೆದ ಮೇಲೆ ಉಳಿಯುತ್ತಲ್ಲ ಹಳದಿ ನೀರು, ಅದನ್ನ ಒಣಗಿಸಿ ಪುಡಿ ಮಾಡಿದಾರೆ."

ಮೂವರೂ ಹಿತ್ತಲ ಕಡೆ ನೋಡಿದರು. ಅಲ್ಲಿ ಇಸಾಂಗಳ ಹಂದಿ ಪ್ರಿನ್ಸೇಸಾ, ಆ ಬೆಳಗಿನ ಹಳದಿ ನೀರನ್ನು ತೌಡಿನ ಜೊತೆ ಮುಗಿಸಿ, ಬಾನಿಯ ತಳ ನೆಕ್ಕುತ್ತಿತ್ತು.

"ಅಂದ್ರೆ," ಇಸಾಂಗ್ ನಿಧಾನವಾಗಿ ಹೇಳಿದಳು, "ಹಂದಿ ದಪ್ಪ ಆಗ್ಲಿ ಅಂತ ನಾನು ದಿನಾ ಸುರಿಯೋದನ್ನ, ನೀನು ಸಣ್ಣ ಆಗಕ್ಕೆ ಅಂಗಡಿಯಿಂದ ತಂದಿದೀಯ."

ಹಾಲೊಡಕಿನಿಂದ ಮನೆಯೊಡಕಾಗುವುದು ಹೀಗೆ ತಪ್ಪಿತಾದರೂ ಪೊನ್ಸಿಂಗನ ಮಾನ ಉಳಿಯಲಿಲ್ಲ. ಅಮ್ಮ ಮಗಳು ಒಬ್ಬರ ಭುಜಕ್ಕೊಬ್ಬರು ಒರಗಿಕೊಂಡು ನಕ್ಕರು. ನಗು ಮುಗಿಸಿ ರೊವೆನಾ ತಿಳಿಹೇಳಿದಳು: ಪುಡಿಯಲ್ಲಿರುವುದು ಸಾರ, ಅದರ ಒಂದು ಅಳತೆಗೆ ಅಮ್ಮನ ಹಾಲೊಡಕಿನ ನೀರು ಮೂರು ಲೀಟರ್ ಕುಡಿಯಬೇಕಾಗುತ್ತದೆ. ಅದು ಹಸಿವನ್ನು ಸ್ವಲ್ಪ ಹೊತ್ತು ಸುಮ್ಮನಿರಿಸುತ್ತದೆ, ಅಷ್ಟೆ. ತಟ್ಟೆಯಲ್ಲಿ ಕಡಿಮೆಯಾದರೆ ಮಾತ್ರ ಮೈಯಲ್ಲಿ ಕಡಿಮೆಯಾಗುವುದು.

ಮರುದಿನದಿಂದ ಡಬ್ಬ ಅಡುಗೆಮನೆಗೆ ಬಂತು. ಇಸಾಂಗ್ ಪೈಲ್ವಾನನ ಮುಖವನ್ನು ಗೋಡೆ ಕಡೆ ತಿರುಗಿಸಿಟ್ಟಳು. ಪುಡಿಯನ್ನು ಬರಿ ನೀರಿಗೆ ಕಲಸುವುದು ಅವಳ ಮನಸ್ಸಿಗೆ ಒಪ್ಪಲಿಲ್ಲ. ತನ್ನ ಹಾಲೊಡಕಿನ ಬೆಚ್ಚನೆಯ ನೀರಿಗೇ ಕಲಸಿ, ಲೋಟ ಖಾಲಿಯಾಗುವ ತನಕ ಎದುರಿಗೆ ನಿಂತಿರುತ್ತಿದ್ದಳು. "ಇನ್ನೊಂಚೂರು ಹಾಕ್ಲಾ?" ಎಂದು ಲೋಟ ನೋಡಿ ಕೇಳುವಾಗ ಅವಳ ಮುಖದಲ್ಲಿ ಹಳೆಯ ಕಳೆ ಬರುತ್ತಿತ್ತು. ಮಧ್ಯಾಹ್ನ ಅವನು ಅರ್ಧ ತಟ್ಟೆಗೆ ಎದ್ದರೂ ಈಗ ಮುನಿಸಿರಲಿಲ್ಲ.

ಮೂರು ತಿಂಗಳಾಯಿತು. ಆರೋಗ್ಯ ಕೇಂದ್ರದಲ್ಲಿ ಮುಳ್ಳು ತೊಂಬತ್ತಕ್ಕೆ ಬಂದು ನಿಂತಿತು. ಡಾಕ್ಟರಮ್ಮ ಪತ್ರಕ್ಕೆ ಸಹಿ ಹಾಕಿದರು. ಪೊನ್ಸಿಂಗ್ ಎದೆಯುಬ್ಬಿಸಿ, ಸಂಯಮದ ಮಹಿಮೆಯ ಕುರಿತು ಕಾಯುತ್ತಿದ್ದ ರೋಗಿಗಳಿಗೆ ಒಂದು ಸಣ್ಣ ಭಾಷಣವನ್ನೇ ಮಾಡಿದ. ಅದು ಮುಗಿಯುವುದರೊಳಗೆ ರೊವೆನಾ ಅಮ್ಮನನ್ನೂ ಯಂತ್ರಕ್ಕೆ ಹತ್ತಿಸಿದ್ದಳು.

"ಇನಾಯ್, ಜನವರೀಲಿ ಅರವತ್ತೊಂದಿದ್ದೆ. ಈಗ ಅರವತ್ತೇಳು."

ಭಾಷಣ ನಿಂತಿತು.

"ಮತ್ತೇನು ಮಾಡ್ಲಿ?" ಇಸಾಂಗ್ ಯಂತ್ರದ ಮೇಲಿಂದಲೇ ಹೇಳಿದಳು. "ಇವನು ದಿನಾ ಅರ್ಧ ತಟ್ಟೆ ಬಿಟ್ಟೇಳ್ತಾನೆ. ಅಡೋಬೋ ಚೆಲ್ಲಕ್ಕಾಗುತ್ತಾ? ಪ್ರಿನ್ಸೇಸಾಗೆ ಹಾಕೋಣ ಅಂದ್ರೆ ಅದು ಹಂದಿ ಮಾಂಸ. ಅವಳಿಗೆ ಹೇಗೆ ಹಾಕ್ಲಿ? ನಾನೇ ತಿಂದೆ."

"ಹಾಗಾದ್ರೆ ಆರು ಕೆಜಿ ಎಲ್ಲೂ ಹೋಗಿಲ್ಲ, ಮಾಂಗ್ ಪೊನ್ಸಿಂಗ್," ಡಾಕ್ಟರಮ್ಮ ಹೇಳಿದರು. "ಮನೇಲೇ ಇದೆ. ಇನ್ಮೇಲೆ ಅಡುಗೆ ಕಡಿಮೆ ಮಾಡಿ. ದಿನಾ ಇಬ್ಬರೂ ಒಂದು ಗಂಟೆ ನಡೀರಿ."

"ಪೇಟೆಗೆ ನಡ್ಕೊಂಡೇ ಹೋಗ್ತೀವಿ," ಎಂದಳು ಇಸಾಂಗ್ ಕೂಡಲೇ. "ಚೀಸಿನ ಬುಟ್ಟಿ ಇವನು ಹೊರ್ತಾನೆ. ಆ ಡಬ್ಬ ಕುಡಿದು ಬಲ ಬಂದಿದೆಯಲ್ಲ."

ಹೀಗಾಗಿ, ಗಾಡಿ ಓಡಿಸುವ ಪರವಾನಗಿ ಉಳಿಸಿಕೊಂಡ ಮರುದಿನವೇ ಪೊನ್ಸಿಂಗ್ ತನ್ನದೇ ಮಾರ್ಗದಲ್ಲಿ ಬುಟ್ಟಿ ಹೊತ್ತು ಕಾಲ್ನಡಿಗೆಯಲ್ಲಿ ಹೊರಟ. ಜೊತೆಯ ಚಾಲಕರು ಒಬ್ಬೊಬ್ಬರಾಗಿ ಪಕ್ಕದಲ್ಲಿ ಗಾಡಿ ನಿಧಾನ ಮಾಡಿದರು. "ಗಾಡಿ ಕೆಟ್ಟಿತಾ, ಮಾಂಗ್ ಪೊನ್ಸಿಂಗ್? ಹತ್ತು." ಅವನು ಆಸೆಯಿಂದ ಹೆಂಡತಿಯ ಕಡೆ ನೋಡಿದ. ಅವಳು ಕೊಡೆ ಬೀಸಿ ಗಾಡಿಗಳನ್ನು ಮುಂದಕ್ಕೆ ಕಳಿಸಿದಳು.

ಚರ್ಚಿನ ತಿರುವಿಗೆ ಬರುವಷ್ಟರಲ್ಲಿ ಅವನ ಅಂಗಿ ಬೆನ್ನಿಗೆ ಅಂಟಿತ್ತು. ಬುಟ್ಟಿಯನ್ನು ತಲೆಯಿಂದ ಇಳಿಸಿ ನಿಂತ. ಇಸಾಂಗ್ ನಾಲ್ಕು ಹೆಜ್ಜೆ ಮುಂದೆ ಹೋದವಳು ತಿರುಗಿ ಬಂದು, ಬುಟ್ಟಿಯ ಒಂದು ಹಿಡಿಕೆ ಹಿಡಿದುಕೊಂಡಳು.

"ಆ ಕಡೆಯದು ನೀನು ಹಿಡ್ಕೋ," ಎಂದಳು. "ಉಳಿದಿರೋ ಆರು ಕೆಜೀನೂ ಹೀಗೇ ಅರ್ಧ ಅರ್ಧ ಮಾಡ್ಕೊಳ್ಳೋಣ."