ಜೇನು ಮುಟ್ಟದ ಹೂವು

ಕಳ್ಳತನಗಳಲ್ಲೆಲ್ಲ ಸುಲಭವಾದದ್ದು ದೇವರ ಹೆಸರಿನಲ್ಲಿ ಮಾಡುವ ಹೂವಿನ ಕಳ್ಳತನ. ಸಿಕ್ಕಿಬಿದ್ದರೂ ಯಾರೂ ಬೈಯುವುದಿಲ್ಲ; ಬೈದರೆ ಪಾಪ ಅವರಿಗೇ ಸುತ್ತಿಕೊಳ್ಳುತ್ತದೆ. ಹುಣಸೂರಿನ ನಮ್ಮ ಬಡಾವಣೆಯಲ್ಲಿ ನಾನು ಬೆಳಗಿನ ವಾಕಿಂಗ್ ಹೊರಡುವುದು ಒಂದು ಕೈಯಲ್ಲಿ ಪ್ಲಾಸ್ಟಿಕ್ ಕವರು, ಇನ್ನೊಂದರಲ್ಲಿ ತುದಿಗೆ ಕೊಕ್ಕೆ ಕಟ್ಟಿದ ಕೋಲು ಹಿಡಿದುಕೊಂಡು. ಡಾಕ್ಟರು ನಡೆಯಿರಿ ಎಂದಿದ್ದಾರೆ, ನಾನು ಕಾಂಪೌಂಡಿನಿಂದ ಕಾಂಪೌಂಡಿಗೆ ನಡೆಯುತ್ತೇನೆ, ಅಷ್ಟೇ. ಎದುರುಮನೆ ರಂಗಪ್ಪನವರ ದಾಸವಾಳ ಬೀದಿಗೆ ಬಾಗಿದೆಯೆಂದರೆ ಅದು ಸಾರ್ವಜನಿಕರದ್ದು ಎಂಬುದು ನನ್ನ ತಿಳಿವಳಿಕೆ. ಹಾಗೆಂದು ನನ್ನ ಮನೆಯ ಗಿಡಗಳಿಗೆ ವಿನಾಯಿತಿ ಏನೂ ಇಲ್ಲ. ಅವನ್ನೂ ಬೋಳಿಸಿಯೇ ಹೊರಡುವುದು. ಬೆಳಕು ಹರಿಯುವ ಮೊದಲೇ ಕಿತ್ತಿಡಬೇಕು, ಜೇನೋ ದುಂಬಿಯೋ ಮೂತಿ ಇಟ್ಟರೆ ಹೂವು ಎಂಜಲಾಗುತ್ತದೆ ಎಂದು ನಮ್ಮ ಅವ್ವ ಕಲಿಸಿದ್ದಳು.

ಇಂಥವನ ಹಿತ್ತಲಿಗೆ ನನ್ನ ತಂಗಿ ಜಯಮ್ಮ ತನ್ನ ಜೇನುಪೆಟ್ಟಿಗೆ ತಂದಿಟ್ಟಳು. ಅವಳನ್ನು ಕೊಟ್ಟಿರುವುದು ಹಂಪಾಪುರದ ಕಡೆ. ಒಂದು ಕಾಲಕ್ಕೆ ಅವಳ ಹೊಲದ ಬದುವಿನುದ್ದಕ್ಕೂ ಪೆಟ್ಟಿಗೆಗಳಿದ್ದವು. ಸುತ್ತಮುತ್ತಲ ಹೊಲಗಳಿಗೆ ಶುಂಠಿ ಬೆಳೆ ಬಂದು, ಔಷಧಿ ಹೊಡೆಯುವುದು ಹೆಚ್ಚಾಗಿ, ಒಂದೊಂದೇ ಖಾಲಿಯಾಗುತ್ತಾ ಕೊನೆಗೆ ಇದೊಂದು ಉಳಿದಿತ್ತು. "ನಿಮ್ಮ ಪ್ಯಾಟೇಲಿ ಔಷ್ದಿ ಒಡೆಯೋರಿಲ್ಲ ಕಣಣ್ಣ. ನಿಂಗೆ ಗಿಡ ಅಂದ್ರೆ ಪ್ರಾಣ. ಇವಾದ್ರೂ ಬದುಕ್ಕಳ್ಳಿ" ಎಂದಳು. ಇದೂ ಹೋದರೆ ಮತ್ತೆ ಸಾಕಲು ಅವಳ ಹತ್ತಿರ ಬೀಜಕ್ಕೂ ಜೇನು ಉಳಿಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು. "ನನ್ನ ಮೇಲೆ ಬುಡವ್ವ" ಎಂದು ಎದೆ ಮುಟ್ಟಿಕೊಂಡು ಹೇಳಿದೆ.

ಪೆಟ್ಟಿಗೆ ಬಂದ ಮೇಲೆ ನಾನು ಬಡಾವಣೆಯ ಜೇನುತಜ್ಞನಾಗಿಬಿಟ್ಟೆ. ಕಾಂಪೌಂಡಿನ ಮೇಲೆ ಮೊಣಕೈ ಊರಿ ಕಂಡಕಂಡವರಿಗೆ ಉಪದೇಶ ಮಾಡಿದ್ದೇ ಮಾಡಿದ್ದು. ಗಿಡಕ್ಕೆ ವಿಷ ಹೊಡೆಯಬೇಡಿ, ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿ ನೀರಿಡಿ, ತುಳಸಿ ಹೂ ಬಿಡಲಿ, ಜೇನಿಲ್ಲದಿದ್ದರೆ ನಿಮ್ಮ ಕುಂಬಳ ಕಾಯಿ ಕಚ್ಚುವುದಿಲ್ಲ, ಹೀಗೆ. ನನ್ನ ಹೆಂಡತಿ ಒಳಗಿನಿಂದಲೇ, "ಅದೆಲ್ಲ ಸರಿ, ನೀವು ಹೂ ಬಿಡೋದು ಯಾವಾಗ?" ಎಂದಳು. ಹೆಂಡತಿಯ ಮಾತು ಒಳಗಿನಿಂದ ಬಂದಾಗ ನನಗೆ ಅಷ್ಟಾಗಿ ಕೇಳಿಸುವುದಿಲ್ಲ. ಜೇನಿಗೆಂದೇ ಚೆಂಡುಹೂವಿನ ಸಸಿ ನೆಟ್ಟೆ, ಅರಳಿದ್ದನ್ನು ಹಾರ ಕಟ್ಟಿ ದೇವರಿಗೆ ಹಾಕಿದೆ. ತುಳಸಿಯ ಕದಿರು ಬಿಟ್ಟರೆ ಗಿಡ ಒಣಗುತ್ತದೆಂದು ಚಿವುಟಿ ಅದನ್ನೂ ಅರ್ಪಿಸಿದೆ. ಬಿಸಿಲೇರಿ ಜೇನುಗಳು ಹೊರಗೆ ಬರುವ ಹೊತ್ತಿಗೆ ನಮ್ಮ ಹಿತ್ತಲಲ್ಲಿ ಇರುತ್ತಿದ್ದುದು ಬರೀ ಸೊಪ್ಪು. ಪೆಟ್ಟಿಗೆ ದಿನದಿನಕ್ಕೆ ಹಗುರಾಗುತ್ತಿದ್ದದ್ದು ಕೈಗೆ ತಿಳಿಯುತ್ತಿತ್ತು. ಸಕ್ಕರೆ ಪಾಕ ಇಟ್ಟೆ, ಅದು ಇರುವೆಗಳಿಗೆ ಹಬ್ಬವಾಯಿತು. ಜಯಮ್ಮ ಫೋನ್ ಮಾಡಿ "ಎಂಗವೆ ಅಣ್ಣ?" ಎಂದರೆ "ಬೊಂಬಾಟಾಗವೆ" ಎನ್ನುತ್ತಿದ್ದೆ. ಆ ಮಾತು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಗೌರಿಹಬ್ಬಕ್ಕೆ ಜಯಮ್ಮ ಬಂದಳು. ಅವತ್ತು ನಾನು ಇಡೀ ಬೀದಿಯ ಹೂವನ್ನು ಗೌರಿಯ ಮೇಲೆ ಪೇರಿಸಿದ್ದೆ. ತಾಯಿಯ ಮೂಗಿನ ತುದಿ ಮಾತ್ರ ಕಾಣುತ್ತಿತ್ತು. ಜಯಮ್ಮ ಕೈಮುಗಿದು ನಿಂತಿದ್ದಾಗ ಕಿಟಕಿಯಿಂದ ಒಂದು ಜೇನು ಬಂದು ಹಾರದ ಮೇಲೆ ಕೂತಿತು. ಹಿಂದೆಯೇ ಇನ್ನೂ ಕೆಲವು. ಹೂವು ಎಂಜಲಾಗುತ್ತದೆಂದು ನಾನು ಹೆಗಲ ಟವೆಲ್ ತೆಗೆದು ಬೀಸಿದೆ. ಇದು ನನ್ನ ನಿತ್ಯದ ಅಭ್ಯಾಸ. ಕಿಟಕಿಯ ತಳದಲ್ಲಿ ಹಿಂದೆ ಪೆಟ್ಟು ತಿಂದವು ಒಣಗಿ ಬಿದ್ದಿದ್ದವು. ಜಯಮ್ಮ ಅವನ್ನು ನೋಡಿದಳು, ನನ್ನ ಟವೆಲನ್ನೂ ನೋಡಿದಳು.

"ಒಡೀಬ್ಯಾಡ ಬುಡಣ್ಣ, ನಮ್ಮವೇ ಅವು. ಹೂ ಇರೋ ಕಡೆಗೆ ಬಂದವೆ."

"ದೇವ್ರ ಹೂವು ಎಂಜಲಾಯ್ತದೆ ಕಣವ್ವ" ಎಂದೆ. ಹಾಗೆ ಹೇಳುವಾಗ ನನ್ನ ಎಡಗೈಯಲ್ಲಿ ಪಂಚಾಮೃತಕ್ಕೆಂದು ತೆರೆದ ಜೇನುತುಪ್ಪದ ಬಾಟಲಿಯಿತ್ತು. ಅವಳು ಅದನ್ನೂ ನೋಡಿದಳು. ಬಾಟಲಿಯನ್ನು ಎಲ್ಲಿಡಬೇಕೆಂದು ತಿಳಿಯದೆ ನಾನು ಬೆನ್ನ ಹಿಂದಕ್ಕೆ ಹಿಡಿದುಕೊಂಡೆ.

ಪೆಟ್ಟಿಗೆ ತೆಗೆದಾಗ ಒಳಗೆ ಒಂದು ಹಿಡಿಯಷ್ಟು ಜೇನು, ತುಪ್ಪವಿಲ್ಲದ ಒಣ ಎರಿ, ಬರೀ ಮೇಣದ ಗೂಡು. ರಾಣಿ ಇದ್ದಳು, ಅದೇ ಪುಣ್ಯ. ಜಯಮ್ಮನ ಕಣ್ಣು ತುಂಬಿತು. ನನಗೆ ಭೂಮಿ ಬಾಯಿ ಬಿಟ್ಟರೆ ಸಾಕಾಗಿತ್ತು. ಸಂಜೆ ಎಲ್ಲವೂ ಗೂಡು ಸೇರುವವರೆಗೆ ಕಾದು, ಪೆಟ್ಟಿಗೆಯ ಬಾಯಿ ಮುಚ್ಚಿ, ಹಳೇ ಸೀರೆಯಲ್ಲಿ ಕಟ್ಟಿದಳು. ಶುಂಠಿ ಹೊಲದ ನಡುವೆ ಮತ್ತೆ ಏಕೆ ಎಂದು ಕೇಳಿದ್ದಕ್ಕೆ, "ಅವ್ರು ಯಾವಾಗ್ಲೋ ಒಂದ್ಸಲ ಔಷ್ದಿ ಒಡೀತಾರೆ. ಯೋಳುದ್ರೆ ಆವತ್ತು ಬಾಯಿ ಮುಚ್ಚಿಡಬೋದು. ನೀನು ದಿನಾ ಕೀಳ್ತೀಯಲ್ಲಣ್ಣ" ಎಂದಳು. ಬಸ್ಸಿನಲ್ಲಿ ಕೂತ ಮೇಲೆ, ಮನಸ್ಸು ತಡೆಯದೆ, "ಇವು ಚೇತರಿಸ್ಕಂಡ್ರೆ ದೀಪಾವಳಿಗೆ ಗೂಡು ಪಾಲು ಮಾಡಿ ನಿಂಗೊಂದು ಪೆಟ್ಗೆ ತತ್ತೀನಿ. ಹೂ ಬುಟ್ಟಿರು" ಎಂದಳು. ತವರಿನಿಂದ ಹೆಣ್ಣುಮಗಳು ಬಾಗಿನ ಮಡಿಲಲ್ಲಿಟ್ಟುಕೊಂಡು ಹೋಗಬೇಕು. ನನ್ನ ತಂಗಿ ಹಸಿದ ಜೇನನ್ನು ಇಟ್ಟುಕೊಂಡು ಹೋದಳು.

ಅಂದಿನಿಂದ ದೇವರಿಗೆ ಅಕ್ಷತೆ ಮಾತ್ರ. ವಾಕಿಂಗಿಗೆ ಬರಿಗೈಯಲ್ಲಿ ಹೋಗುತ್ತೇನೆ, ಏನು ಮಾಡಬೇಕೆಂದು ತೋಚದೆ ಬೇಗ ಮರಳುತ್ತೇನೆ. ದೀಪಾವಳಿ ಇನ್ನೂ ಬಂದಿಲ್ಲ; ಹಿತ್ತಲಲ್ಲಿ ನಂದಬಟ್ಟಲು ಬಿಳಿಯಾಗಿ ತುಂಬಿದೆ, ತುಳಸಿ ಕದಿರು ಬಿಟ್ಟಿದೆ, ಚೆಂಡುಹೂವು ಗಿಡದಲ್ಲೇ ಅರಳಿ ನಿಂತಿದೆ. ನಿನ್ನೆ ಮುಂಜಾನೆ ಕಾಂಪೌಂಡಿನ ಹೊರಗಿನಿಂದ ಒಂದು ಕೊಕ್ಕೆ ಬಂದು ಕೊಂಬೆ ಹಿಡಿಯಿತು. ನೋಡಿದರೆ ರಂಗಪ್ಪನವರು.

"ನೀವು ಕೀಳೋದು ಬುಟ್ಬುಟ್ರಂತೆ. ಸುಮ್ನೆ ಆಳಾಯ್ತವಲ್ಲ ಅಂತ ಬಂದೆ, ಪೂಜೆಗೆ" ಎಂದರು.

"ಅವು ಜೇನಿಗೆ ಬಿಟ್ಟಿರೋದು ಕಣ್ರೀ" ಎಂದೆ.

ಅವರು ಪೆಟ್ಟಿಗೆ ಇದ್ದ ಜಾಗದತ್ತ ಒಮ್ಮೆ ಕತ್ತು ಚಾಚಿದರು. "ಜೇನು ಎಲ್ಲವೆ?"

ಆ ಪ್ರಶ್ನೆಗೆ ಉತ್ತರ ಹೇಳುವುದಕ್ಕಿಂತ, ಅವರ ಕೋಲಿಗೆ ಎಟುಕದ ಕೊಂಬೆಯನ್ನು ನಾನೇ ಬಗ್ಗಿಸಿ ಹಿಡಿದುಕೊಡುವುದು ಸುಲಭವಾಗಿತ್ತು. ಹಿಡಿದುಕೊಟ್ಟೆ.