ಬೊಗ್ಗುವಿನ ಉಪವಾಸ

ಅಕ್ಕಿ ತೊಳೆದ ನೀರು, ಗಂಜಿಯ ತಿಳಿ, ತರಕಾರಿ ಸಿಪ್ಪೆ ಎಲ್ಲ ಸೇರಿಸಿ ದನಕ್ಕೆ ಇಡುತ್ತಿದ್ದೆವಲ್ಲ, ಅದಕ್ಕೆ ಎಂತ ಹೇಳುತ್ತಿದ್ದೆವು? ಅಕ್ಕ... ಅಕ್ಕಚ್ಚು. ಅಲ್ಲ, ಕಲಗಚ್ಚು. ಇಲ್ಲ ಇಲ್ಲ, ಅಕ್ಕಚ್ಚೇ ಇರಬೇಕು. ನಾಗಪುರಕ್ಕೆ ಬಂದು ಅರ್ಧ ಆಯುಷ್ಯವಾಯಿತು. ಇಲ್ಲಿ ಅಕ್ಕಿ ತೊಳೆದ ನೀರು ನೇರ ಮೋರಿಗೆ ಹೋಗುತ್ತದೆ. ಮೋರಿಗೆ ಹೋಗುವುದಕ್ಕೆ ಯಾರೂ ಹೆಸರಿಡುವುದಿಲ್ಲ.

ಮಂಗಳೂರಿನ ಬಿಜೈಯಲ್ಲಿ, ನಾನು ಮದುವೆಯಾಗಿ ಹೋದ ಓಣಿಯಲ್ಲಿ, ಎಲ್ಲ ಮನೆಗಳ ಆ ನೀರು ಬಂದು ಸೇರುತ್ತಿದ್ದದ್ದು ನಮ್ಮ ಹಿತ್ತಿಲಿನ ಕಲ್ಲಿನ ಮರಿಗೆಗೆ. ತಮಗೇ ಗಂಜಿ ಸಾಲದವರ ಮನೆಯ ದನ, ಆಡುಗಳು ಅಲ್ಲಿಗೆ ಬಂದು ಹೊಟ್ಟೆ ತುಂಬಿಸಿಕೊಂಡು, ತಮ್ಮ ತಮ್ಮ ಮನೆಗೆ ಹೋಗಿ ಮಲಗುತ್ತಿದ್ದವು. ಇದೆಲ್ಲ ನನ್ನ ಅತ್ತೆಯ ಏರ್ಪಾಟು. "ಹೊಟ್ಟೆ ನಮ್ಮಲ್ಲಿ, ಬಾಲ ಅವರಲ್ಲಿ" ಎನ್ನುತ್ತಿದ್ದರು. ಸಾಕಿದವರಿಗೆ ಕಷ್ಟ ಬಂತೆಂದು ಸಾಕಿದ ಪ್ರಾಣಿ ಯಾಕೆ ಬೇರೆಯವರ ಪಾಲಾಗಬೇಕು ಎಂದು ಅವರ ವಾದ. ಪ್ರಾಣಿಗೆ ಉಪಕಾರ ಮಾಡುವುದು ಸುಲಭ. ಅದರ ಮನೆಯವರ ಮಾನಕ್ಕೆ ಕುಂದು ಬಾರದ ಹಾಗೆ ಮಾಡಲು ಹೊರಟರೆ ಮಾತ್ರ ಒಂದಲ್ಲ ಒಂದು ಫಜೀತಿ ಆಗುತ್ತಲೇ ಇರುತ್ತದೆ.

ಪಾಗಾರದ ಮೇಲಿನ ಜಗಳ

ಅದು ಯುದ್ಧದ ಕಾಲ. ಹಡಗುಗಳು ಬರುವುದು ಕಡಿಮೆಯಾಗಿ, ಹಂಚಿನ ಕಾರ್ಖಾನೆಯ ಅಂಗಳದಲ್ಲಿ ಹಂಚು ರಾಶಿ ಬಿದ್ದು, ಕೊನೆಗೆ ಹಂಚು ಸುಡುವ ಬೆಂಕಿಯನ್ನೇ ಆರಿಸಿದರು. ನಮ್ಮ ಹಿತ್ತಿಲಿನ ಗೋಡೆ, ಅಂದರೆ ಪಾಗಾರದ ಆಚೆಯ ಮನೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಅಲ್ಲೇ ಕೆಲಸವಿತ್ತು. ಇಬ್ಬರೂ ಮನೆಯಲ್ಲಿ ಕೂತರು. ಸಣ್ಣ ಮಕ್ಕಳಿದ್ದವು. ಜೊತೆಗೆ ಬೊಗ್ಗು ಎಂಬ ಕಂದು ಬಣ್ಣದ ನಾಯಿ. ಆ ಹೆಂಗಸನ್ನು ನಾವೆಲ್ಲ ಹಂಚಿನಕ್ಕ ಎಂದು ಕರೆಯುತ್ತಿದ್ದೆವು.

ಒಂದು ಬೆಳಿಗ್ಗೆ ಅವಳ ಗಂಡನ ಮಾತು ಪಾಗಾರ ದಾಟಿ ಕೇಳಿಸಿತು. "ಬರುವ ಆದಿತ್ಯವಾರ ಇದನ್ನು ದೋಣಿಯಲ್ಲಿ ಹೊಳೆ ದಾಟಿಸಿ ಬಿಟ್ಟು ಬರ್ತೇನೆ. ಮಕ್ಕಳ ಹೊಟ್ಟೆಗೇ ಇಲ್ಲ, ನಾಯಿಗೆ ಎಲ್ಲಿಂದ ತರುವುದು?"

ಮಕ್ಕಳು ಒಟ್ಟಿಗೆ ಅಳಲು ಶುರು ಮಾಡಿದವು.

ನಾನು ಅತ್ತೆಗೆ ಹೇಳಿದೆ: "ನಾಯಿಗೆ ಅಂತ ಸ್ವಲ್ಪ ಗಂಜಿ ಕೊಟ್ಟರೆ ಆಗುವುದಿಲ್ಲವಾ?"

ಆಗುವುದಿಲ್ಲ. ಅದಕ್ಕೆ ಮೊದಲೇ ಅತ್ತೆ ಒಂದು ಪಾತ್ರೆ ಅಕ್ಕಿ ಕಳಿಸಿ ನೋಡಿದ್ದರು. ಅದು ಅದೇ ಪಾತ್ರೆಯಲ್ಲಿ, ಮೇಲೊಂದು ಸೌತೆಕಾಯಿ ಸಮೇತ ವಾಪಸು ಬಂದಿತ್ತು. "ನಾವು ಕೆಲಸ ಇಲ್ಲದವರು ಅಮ್ಮ, ಗತಿ ಇಲ್ಲದವರಲ್ಲ" ಎಂದಿದ್ದಳು ಹಂಚಿನಕ್ಕ.

ಅತ್ತೆ ಯೋಚಿಸಿದರು. "ಕೊಟ್ಟದ್ದು ತಿಂದರೆ ಅವಳಿಗೆ ಅವಮಾನ. ಕದ್ದು ತಿಂದರೆ ಯಾರಿಗೆ ಅವಮಾನ? ನಾಯಿಗೆ. ನಾಯಿಗೆ ಎಂತದ್ದು ಅವಮಾನ?"

ಬೊಗ್ಗುವನ್ನು ಹಿತ್ತಿಲಿಗೆ ಕರೆದು, ಕುಚ್ಚಲಕ್ಕಿ ಗಂಜಿಗೆ ಒಣಮೀನಿನ ತಲೆ ಹಾಕಿ ಇಟ್ಟರು. ಅದು ಪಾತ್ರೆಯನ್ನು ನೆಕ್ಕಿ ಮುಗಿಸಿದ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಪಾಗಾರದ ಹತ್ತಿರ ನಿಂತರು.

"ಏ ಮಾರಾಯ್ತಿ! ನಿನ್ನ ನಾಯಿ ನಮ್ಮ ಗಂಜಿಯ ಪಾತ್ರೆಗೇ ಬಾಯಿ ಹಾಕಿತಲ್ಲ! ಇಂಥ ಕಳ್ಳನಿಗೆ ಇನ್ನು ನೀನು ಊಟ ಹಾಕುವ ಅಗತ್ಯವೇ ಇಲ್ಲ, ನೋಡು!"

ತೆಂಗಿನ ಮರದ ಕಾಗೆಗಳು ಹಾರಿಹೋದವು. ಇಷ್ಟು ಚೆಂದದ ಜಗಳ ನಾನು ಅದುವರೆಗೆ ನೋಡಿರಲಿಲ್ಲ.

ಸಂಜೆಗೆ ಬೊಗ್ಗುವಿನ ಕುತ್ತಿಗೆಗೆ ತೆಂಗಿನ ನಾರಿನ ಹಗ್ಗ ಬಿತ್ತು. ಹಂಚಿನಕ್ಕ ತಲೆ ತಗ್ಗಿಸಿಕೊಂಡು ಬಂದು ಒಂದು ಚೆಂಬು ಗಂಜಿಯನ್ನು ನಮ್ಮ ಜಗಲಿಯಲ್ಲಿಟ್ಟಳು. "ತಪ್ಪಾಯಿತು ಅಮ್ಮ. ನಮ್ಮ ನಾಯಿ ತಿಂದದ್ದಕ್ಕೆ ಇದು. ಬೇಡ ಅನ್ನಬೇಡಿ. ಕದ್ದದ್ದರ ಋಣ ಮಕ್ಕಳ ಮೇಲೆ ಬರಬಾರದು."

ಕದ್ದದ್ದಲ್ಲ ಎನ್ನುವ ಹಾಗಿಲ್ಲ. ಬಡವರ ನಾಯಿಗೆ ಊಟ ಹಾಕಲು ಹೊರಟ ನಾವು ಆ ಸಂಜೆ ಬಡವರ ಗಂಜಿ ಉಂಡೆವು. ಅತ್ತೆ ಬಟ್ಟಲು ಬರಿದು ಮಾಡಿ ಕೆಳಗಿಟ್ಟರು. ಕೊನೆಗೆ, "ಉಪ್ಪು ಮಾತ್ರ ಹದವಾಗಿ ಹಾಕಿದ್ದಾಳೆ" ಎಂದರು.

ಬೊಗ್ಗುವಿಗೆ ಕೆಲಸ ಸಿಕ್ಕಿತು

ಈಗ ನಾಯಿಯ ಹಗ್ಗ ಬಿಚ್ಚಿಸಬೇಕಿತ್ತು. ಮರುದಿನ ಅತ್ತೆ ಮುಖ ಸಣ್ಣ ಮಾಡಿಕೊಂಡು ಆಚೆ ಮನೆಗೆ ಹೋದರು.

"ನಮ್ಮ ಕೋಳಿಗಳಿಗೆ ಮುಂಗುಸಿ ಕಾಟ, ಮಾರಾಯ್ತಿ. ಬೊಗ್ಗುವನ್ನು ಹಗಲು ಕಾವಲಿಗೆ ಕಳಿಸ್ತೀಯಾ? ಕೆಲಸ ಮಾಡಿದವನಿಗೆ ಊಟ ನಮ್ಮದೇ."

"ಕೆಲಸವಾ?" ಹಂಚಿನಕ್ಕನ ಮುಖ ಅರಳಿತು. ಒಳಗೆ ತಿರುಗಿ ಕೂಗಿದಳು. "ಕೇಳಿತಾ ಇಲ್ಲಿ? ಬೊಗ್ಗುವಿಗೆ ಕೆಲಸ ಸಿಕ್ಕಿತು!"

ಒಳಗಿನಿಂದ ಗಂಡನ ಉತ್ತರ ಬಂತು: "ಈ ಮನೆಯಲ್ಲಿ ಒಬ್ಬನಿಗಾದರೂ ಸಿಕ್ಕಿತಲ್ಲ!"

ಕೆಲಸದಲ್ಲಿ ಇರುವವನನ್ನು ಹೊಳೆ ದಾಟಿಸುವುದು ಹೇಗೆ? ಆದಿತ್ಯವಾರದ ದೋಣಿ ತಪ್ಪಿತು. ಆದರೆ, "ಕೆಲಸ ಹೋದ ದಿನ ನಾಯಿಯೂ ಹೋಗ್ತದೆ" ಎಂದು ಅವನು ಹೇಳಿಯೇ ಇಟ್ಟಿದ್ದ.

ಬೊಗ್ಗು ಕೆಲಸಕ್ಕೆ ಹಾಜರಾಯಿತು. ಮುಂಗುಸಿ ಇರಲಿಲ್ಲವಾದ್ದರಿಂದ ಆ ವಿಷಯದಲ್ಲಿ ತೊಂದರೆ ಬರಲಿಲ್ಲ. ತೊಂದರೆ ಬಂದದ್ದು ಕೋಳಿಗಳಿಂದ. ನಮ್ಮ ಹುಂಜವನ್ನು ಕಂಡರೆ ಬೊಗ್ಗುವಿನ ಬಾಲ ಹೊಟ್ಟೆಯ ಅಡಿಗೆ ಹೋಗುತ್ತಿತ್ತು. ಗಂಜಿ ಇಟ್ಟ ಕೂಡಲೇ ಹುಂಜ ತನ್ನ ಪರಿವಾರ ಸಮೇತ ಬಂದು ಪಾತ್ರೆಯ ಸುತ್ತ ನಿಲ್ಲುತ್ತಿತ್ತು. ಕಾವಲುಗಾರ ದೂರದಲ್ಲಿ ಕೂತು, ತನ್ನ ಸರದಿ ಬರಬಹುದೇ ಎಂದು ವಿನಯದಿಂದ ನೋಡುತ್ತಿದ್ದ.

ಕೊನೆಗೆ ಕೋಳಿ ಕಾಯಲು ಬೊಗ್ಗು, ಬೊಗ್ಗುವಿನ ಗಂಜಿ ಕಾಯಲು ಕೋಲು ಹಿಡಿದ ಅತ್ತೆ, ಹಂಚಿನಕ್ಕ ಇದನ್ನು ನೋಡದ ಹಾಗೆ ಪಾಗಾರ ಕಾಯಲು ನಾನು. ಮೂವರಲ್ಲಿ ಊಟ ಸಿಗುತ್ತಿದ್ದದ್ದು ಒಬ್ಬನಿಗೆ ಮಾತ್ರ.

ಉಮ್ಮನ ಉದ್ದ ಸೌಟು

ನಮ್ಮ ಮನೆಯ ಇನ್ನೊಂದು ಪಕ್ಕದಲ್ಲಿ ಬ್ಯಾರಿಗಳ ಮನೆ. ಅವರಿಗೆ ಬಂದರಿನಲ್ಲಿ ಒಣಮೀನಿನ ವ್ಯಾಪಾರ. ಆ ಮನೆಯ ಹಿರಿಯ ಹೆಂಗಸು ಓಣಿಗೆಲ್ಲ ಉಮ್ಮ. ನಾಯಿ ಮೈಗೆ ತಾಗಿದರೆ ನಮಾಜಿಗೆ ಮೊದಲು ಮತ್ತೆ ತೊಳೆದುಕೊಳ್ಳಬೇಕು ಎಂದು ಅವರು ಬೊಗ್ಗುವಿನಿಂದ ದೂರವೇ ಇರುತ್ತಿದ್ದರು. ಆದರೆ ಅದರ ಪಕ್ಕೆಲುಬು ಎದ್ದು ಕಂಡದ್ದು ಅವರ ಕಣ್ಣಿಗೆ ದೂರದಿಂದಲೇ ಬಿದ್ದಿತ್ತು.

ಒಂದು ಮಧ್ಯಾಹ್ನ ಅತ್ತೆ ಮಲಗಿದ್ದಾಗ ನಾನು ಹಿತ್ತಿಲಿಗೆ ಹೋದೆ. ಪಾಗಾರದ ಮೇಲಿನಿಂದ ಒಂದು ಸೌಟು ಇಳಿದು ಬರುತ್ತಿತ್ತು. ಮದುವೆ ಅಡುಗೆಯ ಸೌಟು, ಆಳಿನಷ್ಟು ಉದ್ದ. ಅದರ ತುಂಬ ಮೀನಿನ ತಲೆ, ಮುಳ್ಳು, ಗಸಿಯಲ್ಲಿ ಕಲಸಿದ ಅನ್ನ. ಬೊಗ್ಗು ಬಾಯಿ ತೆರೆದು ಕಾದಿತ್ತು.

ಉಮ್ಮ ನನ್ನನ್ನು ನೋಡಿದರು. "ನಿನ್ನ ಅತ್ತೆಗೆ ಹೇಳಬೇಡ. ಅವರು ಗಂಜಿ ಕೊಟ್ಟು ನಾಯಿಯನ್ನು ಭಟ್ಟರನ್ನಾಗಿ ಮಾಡ್ತಿದ್ದಾರೆ."

ನಾನು ಹೇಳಲಿಲ್ಲ. ಹೇಳುವ ಬಾಯಿ ನನಗೂ ಇರಲಿಲ್ಲ. ಬೆಳಗ್ಗಿನ ದೋಸೆಯಲ್ಲಿ ಒಂದನ್ನು ನಾನೂ ಸೆರಗಿನ ಒಳಗೆ ಹಿಡಿದುಕೊಂಡೇ ಅಲ್ಲಿಗೆ ಬಂದದ್ದು.

ಇದರಿಂದ ಬೊಗ್ಗುವಿಗೆ ಒಂದು ನಂಬಿಕೆ ಬೆಳೆಯಿತು. ಉದ್ದವಾದ ವಸ್ತುವಿನ ತುದಿಯಲ್ಲಿ ಯಾವಾಗಲೂ ಊಟ ಇರುತ್ತದೆ ಎಂದು. ಒಂದು ದಿನ ಅತ್ತೆ ದೋಟಿ ಹಿಡಿದು ಮಾವಿನಕಾಯಿ ಕೊಯ್ಯಲು ನಿಂತರು. ಬೊಗ್ಗು ಓಡಿಬಂದು ಮರದ ಕೆಳಗೆ ಕೂತು, ಮೇಲೆ ನೋಡುತ್ತ ಬಾಯಿ ತೆರೆಯಿತು.

"ಪಾಪ, ಎಷ್ಟು ಹಸಿವು ನೋಡು ಇದಕ್ಕೆ! ಹುಳಿ ಮಾವಿನಕಾಯಿಯಾದರೂ ಆದೀತು ಅಂತ ಕೂತಿದೆ" ಎಂದು ಅತ್ತೆ ಕಣ್ಣೊರೆಸಿಕೊಂಡರು. ಆವತ್ತಿನಿಂದ ಗಂಜಿ ಎರಡು ಹೊತ್ತು ಆಯಿತು.

ದನದ ಡಾಕ್ಟ್ರು

ಹೀಗೆ ಎಷ್ಟೋ ದಿನ ನಡೆದ ಮೇಲೆ ಒಂದು ಬೆಳಿಗ್ಗೆ ದನದ ಡಾಕ್ಟ್ರು ನಮ್ಮ ಹಸುವನ್ನು ನೋಡಲು ಸೈಕಲಿನಲ್ಲಿ ಬಂದರು. ಹಂಚಿನಕ್ಕ ಅಳುತ್ತ ಅವರಿಗೆ ಅಡ್ಡ ನಿಂತಳು.

"ನಮ್ಮ ಬೊಗ್ಗು ಸಾಯ್ತದೆ ಡಾಕ್ಟ್ರೇ. ಹೊಟ್ಟೆ ಊದಿಕೊಂಡಿದೆ. ನಡೆದರೆ ಏದುಸಿರು. ಒಳಗೆ ನೀರು ತುಂಬಿರಬೇಕು."

ಡಾಕ್ಟ್ರು ನಮ್ಮ ಜಗಲಿಯಲ್ಲಿ ಕೂತರು. ನಾನು ವಾಡಿಕೆಯಂತೆ ಬೆಲ್ಲ ನೀರು ತಂದಿಟ್ಟೆ. ಅವರು ಬೊಗ್ಗುವಿನ ಹೊಟ್ಟೆಯನ್ನು ಅತ್ತ ಇತ್ತ ಒತ್ತಿ ನೋಡಿದರು.

"ಇದಕ್ಕೆ ತಿನ್ನಲು ಎಂತ ಕೊಡ್ತೀರಿ?"

"ನಮ್ಮಲ್ಲಿ ಏನೂ ಇಲ್ಲ. ಅಮ್ಮನ ಮನೆಯಲ್ಲಿ ಕೆಲಸಕ್ಕೆ ಉಂಟು, ಅಲ್ಲಿ ಒಂದು ಹೊತ್ತು ಗಂಜಿ. ಅದರಲ್ಲಿಯೂ ಅರ್ಧ ಕೋಳಿ ತಿನ್ತದೆ" ಎಂದಳು ಹಂಚಿನಕ್ಕ. ಎಲ್ಲವನ್ನೂ ಅವಳು ನೋಡಿಯೇ ಇದ್ದಳು!

"ಹೊಟ್ಟೆಯಲ್ಲಿರುವುದು ನೀರಲ್ಲ ತಾಯೀ" ಎಂದರು ಡಾಕ್ಟ್ರು. "ಊಟ."

ಪಾಗಾರದ ಆಚೆ ಉಮ್ಮ ಕೆಮ್ಮಿದರು. ಅತ್ತೆ ತಟ್ಟನೆ ತಿರುಗಿದರು. "ಉಮ್ಮ! ನೀವೂ ಉಂಟಾ ಇದರಲ್ಲಿ?"

"ನಾನು ಮುಳ್ಳು ಮಾತ್ರ ಹಾಕಿದ್ದು. ಮುಳ್ಳಿಗೆ ಸ್ವಲ್ಪ ಮೀನು ಅಂಟಿಕೊಂಡಿದ್ದರೆ ನಾನು ಎಂತ ಮಾಡಲಿ?"

ನಾನು ದೋಸೆಯನ್ನು ಒಪ್ಪಿಕೊಂಡೆ. ಅತ್ತೆ ಎರಡನೇ ಹೊತ್ತಿನ ಗಂಜಿಯನ್ನು ಒಪ್ಪಿಕೊಂಡರು.

ಹಂಚಿನಕ್ಕ ಎಲ್ಲರ ಮುಖವನ್ನೂ ನೋಡಿದಳು. ಅವಳ ಸ್ವರ ಸಣ್ಣದಾಯಿತು. "ಹಾಗಾದರೆ ಅಮ್ಮ, ಮುಂಗುಸಿ?"

ಪಾಗಾರ ನಡುಗುವ ಹಾಗೆ ಜಗಳ ಮಾಡಬಲ್ಲ ಅತ್ತೆ ನೆಲ ನೋಡಿದರು.

"ಅಂದರೆ ಬೊಗ್ಗುವಿಗೆ ಕೆಲಸವೂ ಇಲ್ಲ" ಎಂದಳು ಹಂಚಿನಕ್ಕ. ಅವಳ ಗಂಡ ಹಿಂದೆಯೇ ನಿಂತಿದ್ದ. ಅವನು ನಾಯಿಯ ಹಗ್ಗವನ್ನು ಕೈಗೆ ತೆಗೆದುಕೊಂಡ. ಕೆಲಸ ಹೋದರೆ ನಾಯಿಯೂ ಹೋಗ್ತದೆ ಎಂದು ಅವನು ಹೇಳಿದ್ದು ನಮ್ಮೆಲ್ಲರಿಗೂ ನೆನಪಿತ್ತು.

"ಯಾರಿಗೆ ಕೆಲಸ ಇಲ್ಲದಿದ್ದರೂ ಈ ನಾಯಿ ಈಗ ನನ್ನ ರೋಗಿ" ಎಂದು ಡಾಕ್ಟ್ರು ಗದರಿಸಿದರು. "ನಾನು ಹೇಳುವವರೆಗೆ ಎಲ್ಲಿಗೂ ಕೊಂಡುಹೋಗಬಾರದು. ಇನ್ನೊಮ್ಮೆ ನಾನು ಬರುವವರೆಗೆ ನೀರು ಮತ್ತು ತೆಳ್ಳಗಿನ ತಿಳಿ ಮಾತ್ರ. ಬೇರೆ ಯಾರೂ ಇದಕ್ಕೆ ಏನೂ ತಿನ್ನಿಸಬಾರದು. ಗೊತ್ತಾಯಿತಾ? ಏನೂ!"

ನಾವೆಲ್ಲ ತಲೆಯಾಡಿಸಿದೆವು. ಡಾಕ್ಟ್ರು ಬೆರಳೆತ್ತಿ ಇದನ್ನು ಹೇಳುತ್ತಿದ್ದಾಗ ಅವರ ಇನ್ನೊಂದು ಕೈಯಲ್ಲಿದ್ದ ಬೆಲ್ಲದ ತುಂಡನ್ನು ಬೊಗ್ಗು ಮುಗಿಸಿ, ಬೆರಳು ನೆಕ್ಕುತ್ತಿತ್ತು.

ಉಪವಾಸ

ಉಪವಾಸವೇನೋ ಸರಿ, ಆದರೆ ಯಾರ ಮನೆಯಲ್ಲಿ? "ನಾನು ನೋಡಿಕೊಳ್ತೇನೆ" ಎಂದರು ಅತ್ತೆ. "ನಾನಿದ್ದೇನೆ" ಎಂದರು ಉಮ್ಮ.

"ನಿಮ್ಮನ್ನು ನಂಬಲು ನನಗೆ ಹುಚ್ಚಾ?" ಎಂದರು ಡಾಕ್ಟ್ರು.

ಆಗ ಹಂಚಿನಕ್ಕ ಹೇಳಿದಳು. "ನಮ್ಮ ಮನೆಯಲ್ಲೇ ಇರಲಿ ಡಾಕ್ಟ್ರೇ. ಕೊಡಬೇಕು ಅಂತ ಕಂಡರೂ ಅಲ್ಲಿ ಕೊಡಲು ಎಂತ ಉಂಟು?"

ಹೇಳಿ ಮುಗಿಸುವಾಗ ಅವಳಿಗೇ ನಗು ಬಂತು. ಕಾರ್ಖಾನೆ ನಿಂತ ಮೇಲೆ ಅವಳು ನಕ್ಕದ್ದನ್ನು ನಾವು ನೋಡಿರಲಿಲ್ಲ. ಅವಳು ನಕ್ಕದ್ದು ನೋಡಿ ನಮಗೂ ನಗು ಬಂತು. ಪಾಗಾರದ ಆಚೆ ಉಮ್ಮ ನಗುತ್ತಾ ಸೌಟು ಕೆಳಗೆ ಬೀಳಿಸಿದ್ದು ಕೇಳಿಸಿತು.

ಅಲ್ಲಿಂದ ಓಣಿಯ ವ್ಯವಹಾರವೇ ತಿರುಗಿಬಿಟ್ಟಿತು. ಅತ್ತೆ ದಿನವೂ ಪಾಗಾರದ ಹತ್ತಿರ ನಿಂತು ಗೋಗರೆಯುತ್ತಿದ್ದರು. "ಒಂದೇ ಒಂದು ಮೀನಿನ ತಲೆ ಹಾಕಲಾ, ಮಾರಾಯ್ತಿ?"

"ಆಗುವುದಿಲ್ಲ ಅಮ್ಮ. ಡಾಕ್ಟ್ರು ಬೈತಾರೆ."

"ಸಣ್ಣ ತಲೆ."

"ತಲೆ ಸಣ್ಣದಾದರೂ ಮಾತು ಮಾತೇ ಅಮ್ಮ."

ಬೇಡುವವರು ನಾವು, ಇಲ್ಲ ಎನ್ನುವವಳು ಅವಳು. ಎಷ್ಟು ಗತ್ತಿನಿಂದ ಇಲ್ಲ ಎನ್ನುತ್ತಿದ್ದಳು! ಅವಳ ಬೆನ್ನು ನೆಟ್ಟಗಾದದ್ದೇ ಆ ದಿನಗಳಲ್ಲಿ. ಬೊಗ್ಗುವಿನ ಉಪವಾಸ ಮುಗಿದ ಮೇಲೆ ಯಾವ ಮನೆಯವರು ಯಾವ ದಿನ ಎಷ್ಟು ಹಾಕಬಹುದು ಎಂದೂ ಅವಳೇ ಮುಂಚಿತವಾಗಿ ತೀರ್ಮಾನಿಸಿ ಹೇಳಿದಳು. ಅತ್ತೆ ಮತ್ತು ಉಮ್ಮ ಶಾಲೆಯ ಮಕ್ಕಳ ಹಾಗೆ ಕೇಳಿಕೊಂಡರು. ಡಾಕ್ಟ್ರ ಅಪ್ಪಣೆ ಎಂದ ಮೇಲೆ ಅದು ಉಪಕಾರವಲ್ಲ, ಚಿಕಿತ್ಸೆ.

ಅವಳ ಗಂಡ ಮಾತ್ರ ಒಂದೇ ಮಾತಿನಲ್ಲಿದ್ದ. "ಡಾಕ್ಟ್ರು ಒಮ್ಮೆ ಬಂದು ಹೋಗಲಿ, ಆಮೇಲೆ ದೋಣಿ." ಅವನು ಹಾಗೆ ಹೇಳಿದಾಗಲೆಲ್ಲ ಮಕ್ಕಳು ಬೊಗ್ಗುವಿನ ಕುತ್ತಿಗೆ ತಬ್ಬಿಕೊಳ್ಳುತ್ತಿದ್ದವು.

ಡಾಕ್ಟ್ರು ಬಂದರು. ಓಣಿಯೇ ಹಂಚಿನಕ್ಕನ ಅಂಗಳದಲ್ಲಿ ಸೇರಿತು. ಡಾಕ್ಟ್ರು ಬೊಗ್ಗುವಿನ ಹೊಟ್ಟೆ ಒತ್ತಿದರು. ಮತ್ತೊಮ್ಮೆ ಒತ್ತಿದರು. ಕನ್ನಡಕ ತೆಗೆದು ಒರೆಸಿದರು.

"ಇದು ಉಪವಾಸವಾ ತಾಯೀ? ಮೊದಲಿಗಿಂತ ದಪ್ಪ ಉಂಟಲ್ಲ!"

"ಮಕ್ಕಳ ಆಣೆ, ನಾನು ತಿಳಿ ಬಿಟ್ಟು ಬೇರೆ ಕೊಟ್ಟಿಲ್ಲ" ಎಂದಳು ಹಂಚಿನಕ್ಕ. ಅತ್ತೆ ಉಮ್ಮನನ್ನು ನೋಡಿದರು. ಉಮ್ಮ ನನ್ನನ್ನು ನೋಡಿದರು. ಈ ಸಲ ನಾವು ಮೂವರೂ ನಿಜವಾಗಿ ನಿರಪರಾಧಿಗಳು.

ಬೊಗ್ಗುವಿಗೆ ಇದೆಲ್ಲ ಬೇಸರವಾಯಿತೋ ಏನೋ. ಎದ್ದು ನಿಧಾನವಾಗಿ, ಬಾಗಿಲ ಹತ್ತಿರ ಕೂತಿದ್ದ ಗಂಡನ ಬಳಿ ಹೋಗಿ, ಎರಡು ಮುಂಗಾಲನ್ನೂ ಅವನ ಮೊಣಕಾಲ ಮೇಲಿಟ್ಟು, ಸೊಂಟದ ಮುಂಡಿನ ಮಡಿಕೆಗೆ ಮೂತಿ ಹಾಕಿತು. ಅಲ್ಲಿಂದ ಬೇಯಿಸಿದ ಮರಗೆಣಸಿನ ದೊಡ್ಡ ತುಂಡೊಂದು ನೆಲಕ್ಕೆ ಬಿತ್ತು. ಅವನ ಮಧ್ಯಾಹ್ನದ ಊಟದ ಪಾಲು ಅದು. ದಿನವೂ ಅದು ಎಲ್ಲಿಗೆ ಹೋಗುತ್ತಿತ್ತೆಂದು ಬೊಗ್ಗುವಿನ ಹೊಟ್ಟೆಯೇ ಹೇಳುತ್ತಿತ್ತು.

ಹಂಚಿನಕ್ಕ ಸೊಂಟಕ್ಕೆ ಕೈಯಿಟ್ಟಳು. "ನೀವಾ? ಹೊಳೆ ದಾಟಿಸ್ತೇನೆ, ದಾಟಿಸ್ತೇನೆ ಅಂತ ಇಷ್ಟು ದಿನ ಕೂಗಿದವರು ನೀವೇನಾ?"

ಅವನು ಮರಗೆಣಸನ್ನು ನೋಡಿದ. ನಾಯಿಯನ್ನು ನೋಡಿದ. ಅಂಗಳದಲ್ಲಿ ನಿಂತ ನಮ್ಮನ್ನೆಲ್ಲ ನೋಡಿದ. ಆಮೇಲೆ ಗಂಟಲು ಸರಿಮಾಡಿಕೊಂಡು, ಬಹಳ ಗಂಭೀರವಾಗಿ ಒಂದು ಮಾತು ಹೇಳಿದ. ಅದನ್ನು ಬರೆಯಲು ಹೊರಟರೆ ಈಗಲೂ ನಗು ಬಂದು ನನ್ನ ಕೈ ನಡುಗುತ್ತದೆ, ಅಕ್ಷರ ಗೆರೆ ಬಿಟ್ಟು ಹೋಗುತ್ತದೆ. ಬಾ ಮಗಾ, ನಿನ್ನ ಅಜ್ಜಿಯ ಪೆನ್ನು ನೀನು ಹಿಡಿ. ಅವನು ಹೇಳಿದ ಹಾಗೆಯೇ ಬರೆ: "ದಾಟಿಸ್ತಿದ್ದೆ. ಯಾಕೆ ದಾಟಿಸ್ತಿರಲಿಲ್ಲ? ಆದರೆ ಈಗ ಇಷ್ಟು ಭಾರದ ನಾಯಿಯನ್ನು ಹತ್ತಿಸಿದರೆ ಪಾಪ, ದೋಣಿಯವನ ದೋಣಿ ಮುಳುಗ್ತದೆ."